ನಮಗೆ ಕಾಣದ ನಮ್ಮ ಸ್ವಭಾವ

ಬಾನುಲಿಯ ನಿಲಯಕ್ಕೆ ಮೊದಲ ಸಲ ಭಾಷಣಕ್ಕೆಂದು ಬರುವವರಿಗೆ ಸಾಮಾನ್ಯವಾಗಿ ಒಂದು ವಿಚಿತ್ರವಾದ ಅನುಭವವಾಗುತ್ತದೆ. ಮುದ್ರಣಗೊಂಡ ತಮ್ಮ ಧ್ವನಿಯನ್ನು ತಾವೇ ಕೇಳಿದಾಗ ಅವರು “ಇದು ನನ್ನ ಧ್ವನಿಯೇ ಅಲ್ಲ” ಎನ್ನುತ್ತಾರೆ. ಪಕ್ಕದಲ್ಲಿರುವ ಸ್ನೇಹಿತರಾದರೋ “ನಿಮ್ಮದೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ” ಎನ್ನುತ್ತಾರೆ. ಇದಕ್ಕೆ ಕಾರಣವುಂಟು. ನಾವು ಮಾತನಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಎಲುಬುಗಳ ಮೂಲಕವೂ ನಮ್ಮ ಕಿವಿಯನ್ನು ಸೇರುತ್ತದೆ. ಎಲುಬು ತಗ್ಗು ಸ್ವರಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಮ್ಮ ಧ್ವನಿ ನಮಗೆ ಇರುವುದಕ್ಕಿಂತ ಗಂಭೀರವಾಗಿ ಕೇಳಿಸುತ್ತದೆ. ಹೀಗೆ ಲೋಕವೆಲ್ಲ ಬಲ್ಲ ಧ್ವನಿ ಅದರ ಒಡೆಯನೊಬ್ಬನಿಗೆ ಮಾತ್ರ ಅಪರಿಚಿತವಾಗಿ ಉಳಿಯುತ್ತದೆ. ನಮ್ಮ ಸ್ವಭಾವದ ವಿಷಯದಲ್ಲಿಯೂ ಇಂಥದೇ ಒಂದು ಸ್ಥಿತಿಯುಂಟು. ಮರೆಯಾಗಿರುವ ಆ ಭಾಗವನ್ನು ತಿಳಿಯಲು ಮನಶ್ಶಾಸ್ತ್ರವು ಯಾವ ದಾರಿಯನ್ನು ತೋರಿಸುತ್ತದೆಂಬುದನ್ನು ಇಲ್ಲಿ ವಿಚಾರಮಾಡೋಣ.

ಈ ಶಾಸ್ತ್ರವು ಬಾನುಲಿಗೆ ಹೊರಗಿನದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ವಿಭಾಗವು 1924ರಲ್ಲಿ ಸ್ಥಾಪಿತವಾಯಿತು. ಕಲ್ಕತ್ತೆಯಲ್ಲಿ ಅದಕ್ಕೂ ಮುಂಚೆ, 1916ರಲ್ಲಿ, ಇಂಥ ವಿಭಾಗ ಏರ್ಪಟ್ಟಿತ್ತು. ಆದುದರಿಂದ ಮನಸ್ಸನ್ನು ಅಳೆದು ನೋಡುವ ಕೆಲಸಕ್ಕೆ ನಮ್ಮ ನಾಡಿನಲ್ಲಿಯೂ ಶತಮಾನದ ಚರಿತ್ರೆಯಿದೆ.

ಮನಸ್ಸನ್ನು ಅರಿಯಬೇಕಾದರೆ ಒಳಗೆ ನೋಡಿಕೊಂಡರೆ ಸಾಕು ಎಂದು ಸಾಮಾನ್ಯವಾಗಿ ಎಲ್ಲರೂ ನಂಬುತ್ತಾರೆ. ಹೊರಗಿನ ವಸ್ತುಗಳ ವಿಷಯದಲ್ಲಿ ಭ್ರಾಂತಿಯುಂಟಾಗಬಹುದು. ಆದರೆ ನಮ್ಮ ಮನಸ್ಸು ನಮಗೆ ಗೊತ್ತಿಲ್ಲವೆ? 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಿದ ವಿಲ್ಹೆಲ್ಮ್ ವುಂಟ್ ಎಂಬ ಪಂಡಿತನು ಅಂತರ್ವೀಕ್ಷಣೆಯನ್ನು ಶಾಸ್ತ್ರದ ಸಾಧನವನ್ನಾಗಿ ಮಾಡಿಕೊಂಡನು. ಆದರೆ ಬಹು ಬೇಗನೆ ಒಂದು ವಿವಾದ ಎದ್ದಿತು. ಆಲೋಚನೆಯಲ್ಲಿ ಮನಶ್ಚಿತ್ರಗಳಿಲ್ಲದ ಭಾಗವೂ ಉಂಟೆಂದು ವ್ಯುರ್ಟ್ಸ್‌ಬರ್ಗಿನ ಪಂಡಿತರು ತಮ್ಮ ಅಂತರ್ವೀಕ್ಷಣೆಯ ಬಲದಿಂದ ಹೇಳಿದರು. ಅಂಥದು ಇಲ್ಲವೇ ಇಲ್ಲವೆಂದು ಅಮೆರಿಕದ ಕಾರ್ನೆಲ್ಲಿನ ಪಂಡಿತರು ತಮ್ಮ ಅಂತರ್ವೀಕ್ಷಣೆಯ ಬಲದಿಂದಲೇ ಸಾಧಿಸಿದರು. ಇವರ ವ್ಯಾಜ್ಯವನ್ನು ತೀರಿಸಲು ಮೂರನೆಯವನೊಬ್ಬನು ಯಾರ ಮನಸ್ಸಿನೊಳಗೆ ಇಣಿಕಿ ನೋಡಬೇಕು? 1913ರಲ್ಲಿ ಜಾನ್ ವಾಟ್ಸನ್ ಎಂಬವನು ಈ ಪದ್ಧತಿಯನ್ನೇ ತ್ಯಜಿಸಿ, ವರ್ತನೆಯೊಂದನ್ನೇ ಪರೀಕ್ಷಿಸತಕ್ಕದ್ದೆಂದು ವಾದಿಸಿದನು.

ಒಳನೋಟದ ಸಾಕ್ಷ್ಯ ಎಷ್ಟು ದುರ್ಬಲವೆಂಬುದನ್ನು ರಿಚರ್ಡ್ ನಿಸ್ಬೆಟ್, ತಿಮೊಥಿ ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರು 1977ರಲ್ಲಿ ಪ್ರಕಟಿಸಿದ ಲೇಖನವೊಂದು ತೋರಿಸಿತು. ಅಂಗಡಿಗೆ ಬಂದವರ ಮುಂದೆ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಇವುಗಳಲ್ಲಿ ಉತ್ತಮವಾದದ್ದು ಯಾವುದೆಂದು ಕೇಳಿದರು. ನಾಲ್ಕೂ ಒಂದೇ ತೆರದವು. ಆದರೂ ಬಲಗೊನೆಯ ಜೊತೆಯನ್ನು ಆರಿಸಿದವರು ಎಡಗೊನೆಯದನ್ನು ಆರಿಸಿದವರ ಸುಮಾರು ನಾಲ್ಕರಷ್ಟಿದ್ದರು. ಕಾರಣ ಕೇಳಿದಾಗ ಇಟ್ಟಿದ್ದ ಸ್ಥಾನವನ್ನು ಒಬ್ಬರೂ ಹೆಸರಿಸಲಿಲ್ಲ. ಸ್ಥಾನವೇ ಕಾರಣವಾಗಿರಬಹುದೆ ಎಂದು ಬಾಯಿಬಿಟ್ಟು ಕೇಳಿದರೂ ಹೆಚ್ಚು ಕಡಮೆ ಎಲ್ಲರೂ ನಿರಾಕರಿಸಿದರು. ಅವರು ಸುಳ್ಳು ಹೇಳಲಿಲ್ಲ. ಒಪ್ಪುವಂತೆ ತೋರಿದ ಕಾರಣವನ್ನು ಮನಸ್ಸು ತಾನೇ ಕಟ್ಟಿಕೊಟ್ಟಿತು. ಕಾಲುಚೀಲದ ವಿಷಯದಲ್ಲಿ ಇದರಿಂದ ನಷ್ಟವೇನೂ ಇಲ್ಲ. ಮಗಳಿಗೆ ವರನನ್ನು ಆರಿಸುವಾಗ, ಮಗನ ವಿದ್ಯಾಭ್ಯಾಸವನ್ನು ಗೊತ್ತುಮಾಡುವಾಗ, ನೌಕರನ ಯೋಗ್ಯತೆಯನ್ನು ತೂಗುವಾಗಲೂ ನಾವು ಕೊಡುವ ಕಾರಣಗಳು ಇಂಥವೇ ಆಗಿದ್ದರೆ?

ಹಾಗಾದರೆ ಕಾಣದ ಭಾಗ ತಿಳಿಯುವುದು ಹೇಗೆ? ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಕುರುಹುಗಳಿಂದ. ಅನುಭವಗಳು ಚಿತ್ತದಲ್ಲಿ ಸಂಸ್ಕಾರರೂಪವಾಗಿ ಉಳಿದು ಮುಂದೆ ಫಲಕೊಡುತ್ತವೆಂಬುದನ್ನು ನಮ್ಮ ಯೋಗಶಾಸ್ತ್ರ ಬಹು ಹಿಂದೆಯೇ ಹೇಳಿದೆ. ಯೂರೋಪಿನಲ್ಲಿ ಸಿಗ್ಮಂಡ್ ಫ್ರಾಯ್ಡ್ 1901ರಲ್ಲಿ, ಬಾಯಿತಪ್ಪಿದ ಮಾತು, ಮರೆತ ಹೆಸರು ಮೊದಲಾದ ದಿನಬಳಕೆಯ ಪ್ರಮಾದಗಳಲ್ಲಿ ಅಡಗಿದ ಇಚ್ಛೆಯನ್ನು ಗುರುತಿಸಲು ಯತ್ನಿಸಿದನು. ಅವನ ಸಿದ್ಧಾಂತಗಳಲ್ಲಿ ಎಷ್ಟೋ ಅಂಶಗಳನ್ನು ತರುವಾಯದ ಶಾಸ್ತ್ರಜ್ಞರು ಒಪ್ಪಿಲ್ಲ. ಆಯಾಸದಿಂದಲೂ ನಾಲಗೆ ತಪ್ಪುವುದುಂಟು. ಆದರೆ ಮನಸ್ಸಿನ ಕೆಲಸದಲ್ಲಿ ಬಹುಭಾಗ ಅರಿವಿಗೆ ಬಾರದೆಯೇ ನಡೆಯುತ್ತದೆಂಬ ಮೂಲವಿಚಾರ ಮಾತ್ರ ನೆಲೆನಿಂತಿದೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜ್ಯೂರಿಕ್ ನಗರದ ಬುರ್ಗ್‌ಹೋಲ್ಟ್ಸ್‌ಲಿ ಆಸ್ಪತ್ರೆಯ ವೈದ್ಯನಾಗಿದ್ದ ಕಾರ್ಲ್ ಯೂಂಗ್ ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. ಅವನು ನೂರು ಪದಗಳ ಪಟ್ಟಿಯನ್ನು ಒಂದೊಂದಾಗಿ ಓದುವನು. ಕೇಳಿದವನು ಮನಸ್ಸಿಗೆ ಹೊಳೆದ ಮೊದಲ ಮಾತನ್ನು ಹೇಳಬೇಕು. ಗಡಿಯಾರ ಕಾಲವನ್ನು ಅಳೆಯುತ್ತದೆ. ಹೆಚ್ಚಿನ ಪದಗಳಿಗೆ ಉತ್ತರ ತಡವಿಲ್ಲದೆ ಬರುತ್ತದೆ. ಕೆಲವು ಪದಗಳಿಗೆ ಮಾತ್ರ ಅವನು ತಡವರಿಸುತ್ತಾನೆ, ನಗುತ್ತಾನೆ, ಅಥವಾ ಎರಡನೆಯ ಸಲ ಕೇಳಿದಾಗ ತನ್ನ ಮೊದಲಿನ ಉತ್ತರವನ್ನು ಮರೆತಿರುತ್ತಾನೆ. ಅಲ್ಲೊಂದು ಭಾವದ ಗಂಟು ಇದೆಯೆಂದು ಯೂಂಗ್ ಊಹಿಸಿದನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ನಮ್ಮ ಗಾದೆ ಈ ತತ್ತ್ವವನ್ನು ಗಡಿಯಾರದ ಸಹಾಯವಿಲ್ಲದೆ ಕಂಡುಹಿಡಿದಿತ್ತು.

ಯೂಂಗ್ ಇನ್ನೊಂದು ಮಾತನ್ನು ಹೇಳಿದನು. ನಮ್ಮಲ್ಲಿದ್ದರೂ ನಾವು ನಮ್ಮದೆಂದು ಒಪ್ಪಿಕೊಳ್ಳದ ಗುಣಗಳನ್ನೆಲ್ಲ ಒಟ್ಟಾಗಿ ಅವನು ನೆರಳೆಂದು ಕರೆದನು. ನೆರಳು ಸುಮ್ಮನಿರುವುದಿಲ್ಲ, ನಾವು ಅದನ್ನು ಅನ್ಯರ ಮೇಲೆ ಆರೋಪಿಸುತ್ತೇವೆ. ಹಗ್ಗದಲ್ಲಿ ಹಾವನ್ನು ಕಾಣುವ ಅಧ್ಯಾರೋಪವನ್ನು ವೇದಾಂತಿಗಳು ಹೇಳುತ್ತಾರಷ್ಟೆ. ಇದು ವ್ಯವಹಾರದಲ್ಲಿ ನಡೆಯುವ ಅಧ್ಯಾರೋಪ. ತನ್ನ ಅಂಜುಬುರುಕತನವನ್ನು ಎಳೆತನದಲ್ಲಿಯೇ ಮುಚ್ಚಿಟ್ಟ ತಂದೆಯೊಬ್ಬನನ್ನು ಭಾವಿಸೋಣ. ಮಗ ಅತಿಥಿಗಳ ಮುಂದೆ ಬಾಯಿಬಿಡಲು ನಾಚಿದರೆ ಅವನಿಗೆ ತಡೆಯಲಾರದ ಕೋಪ ಬರುತ್ತದೆ. ಪಕ್ಕದ ಮನೆಯ ಹುಡುಗನ ನಾಚಿಕೆಯನ್ನು ಕಂಡು ಅವನೇ ನಕ್ಕು ಸುಮ್ಮನಾಗಬಹುದು. ಮಗನನ್ನು ಗದರಿಸುವಾಗ ಮಾತ್ರ “ನಿನ್ನ ಹಿತಕ್ಕಾಗಿಯೇ” ಎಂದು ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ.

ಈ ವಿಚಾರ ವಿರಾಮಕಾಲದ ವಿನೋದ ಮಾತ್ರವಲ್ಲವೆಂಬುದಕ್ಕೆ ಕಾರಣ ಇಲ್ಲಿದೆ. ನಮಗೆ ಕಾಣದಿರುವುದರ ದಂಡವನ್ನು ತೆರುವವರು ಬಹುಮಟ್ಟಿಗೆ ನಾವಲ್ಲ, ನಮಗೆ ಎದುರಾಡಲಾರದವರು. ಮೇಲಧಿಕಾರಿಯ ಮುಂದೆ ನಾವು ನಮ್ಮನ್ನು ಹಿಡಿತದಲ್ಲಿಟ್ಟುಕೊಳ್ಳುತ್ತೇವೆ. ಮಗ, ಶಿಷ್ಯ, ಮನೆಗೆಲಸದವಳು, ಕೈಕೆಳಗಿನ ಗುಮಾಸ್ತೆ, ಇವರ ಮುಂದೆ ಹಿಡಿತ ಸಡಿಲವಾಗುತ್ತದೆ. ಆದುದರಿಂದ ಆತ್ಮಪರೀಕ್ಷೆಗೆ ತೊಡಗುವವರು ಮೊದಲು ಗಮನಿಸತಕ್ಕದ್ದು ಅಳತೆ ಮೀರಿದ ಭಾವವನ್ನು. ಕಾರಣ ಅಂಗೈಯಗಲ, ಕೋಪ ಆಕಾಶದಗಲ ಎಂಬಂತಿದ್ದರೆ, ಆ ಕೋಪದಲ್ಲಿ ಎದುರಿಗಿರುವವನದಲ್ಲದ ಪಾಲೊಂದು ಸೇರಿದೆಯೆಂದು ಶಂಕಿಸಬೇಕು.

ಎರಡನೆಯ ಸಾಧನ ಬರವಣಿಗೆ. ಇಂಗ್ಲೆಂಡಿನ ಮೇರಿಯನ್ ಮಿಲ್ನರ್ ಎಂಬಾಕೆ ತನಗೆ ನಿಜವಾಗಿ ಸಂತೋಷ ಕೊಡುವುದು ಯಾವುದೆಂದು ತಿಳಿಯಲೆಳಸಿ 1926ರಲ್ಲಿ ದಿನಚರಿಯನ್ನು ಬರೆಯತೊಡಗಿದಳು. ಅದರ ಫಲವನ್ನು 1934ರಲ್ಲಿ ಜೋಆನ ಫೀಲ್ಡ್ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ತಿದ್ದದೆ, ತಡೆಯದೆ, ಲೇಖನಿ ಹೋದ ದಾರಿಯಲ್ಲಿ ಬರೆದಾಗ ತಾನು ನಿರೀಕ್ಷಿಸದಿದ್ದ ಭಯಗಳೂ ಬಯಕೆಗಳೂ ಕಾಗದದ ಮೇಲೆ ಮೂಡಿದುದನ್ನು ಆಕೆ ಕಂಡಳು. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಲಕಿದ ಘಟನೆಯನ್ನು ಬರೆದರು. ಘಟನೆಯನ್ನೂ ಭಾವವನ್ನೂ ಕೂಡಿಸಿ ಬರೆದವರು ಬರೆದೊಡನೆ ಖಿನ್ನರಾದರೂ ಮುಂದಿನ ತಿಂಗಳುಗಳಲ್ಲಿ ವೈದ್ಯರಲ್ಲಿಗೆ ಹೋದದ್ದು ಕಡಮೆ.

ಬರೆಯುವಾಗ ಒಂದು ನಿಯಮವನ್ನು ನೆನಪಿಡುವುದು ಮೇಲು. “ನಾನು ಏಕೆ ಹಾಗೆ ಮಾಡಿದೆ?” ಎಂಬ ಪ್ರಶ್ನೆಗೆ ಮನಸ್ಸು ಕಾಲುಚೀಲದ ಗಿರಾಕಿಗಳಂತೆ ಚೆಂದದ ಉತ್ತರವನ್ನು ಹೆಣೆಯುತ್ತದೆ. “ಏನು ನಡೆಯಿತು? ಆಗ ಮೈಯಲ್ಲಿ ಏನಾಯಿತು? ಇದಕ್ಕೆ ಮುಂಚೆ ಹೀಗಾದದ್ದು ಯಾವಾಗ, ಯಾರ ಎದುರಿನಲ್ಲಿ?” ಎಂಬ ಪ್ರಶ್ನೆಗಳಿಗೆ ಉತ್ತರ ಹೆಣೆಯುವುದು ಅಷ್ಟು ಸುಲಭವಲ್ಲ. ತಿಂಗಳೊಪ್ಪತ್ತು ಹೀಗೆ ಗುರುತುಹಾಕಿಕೊಂಡರೆ ಕಾರಣಗಳು ತೋರದಿದ್ದರೂ ಪುನರಾವೃತ್ತಿಗಳು ತೋರುತ್ತವೆ. ಅದೇ ಬಹು ದೊಡ್ಡ ಲಾಭ.

ಮೂರನೆಯ ಸಾಧನ ಇತರರ ಕಣ್ಣು. ತನ್ನ ಬೆನ್ನು ತನಗೆ ಕಾಣದು. 1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಎಂಬಿಬ್ಬರು ವ್ಯಕ್ತಿತ್ವವನ್ನು ನಾಲ್ಕು ಗಾಜುಗಳ ಕಿಟಕಿಗೆ ಹೋಲಿಸಿದರು: ನಮಗೂ ಪರರಿಗೂ ತಿಳಿದದ್ದು, ನಮಗೆ ಮಾತ್ರ ತಿಳಿದದ್ದು, ಪರರಿಗೆ ಮಾತ್ರ ತಿಳಿದದ್ದು, ಯಾರಿಗೂ ತಿಳಿಯದ್ದು. ಇಬ್ಬರ ಹೆಸರುಗಳನ್ನೂ ಕೂಡಿಸಿ ಇದನ್ನು ಜೊಹಾರಿ ಕಿಟಕಿಯೆಂದು ಕರೆದರು. ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಆತಂಕದಂಥ ಒಳಗಿನ ಭಾವಗಳ ವಿಷಯದಲ್ಲಿ ವ್ಯಕ್ತಿಯ ಮಾತೇ ಹೆಚ್ಚು ನಿಜವಾಗಿಯೂ, ಬುದ್ಧಿಶಕ್ತಿಯಂಥ ಗುಣಗಳಲ್ಲಿ ಸ್ನೇಹಿತರ ಮಾತೇ ಹೆಚ್ಚು ನಿಜವಾಗಿಯೂ ಕಂಡುಬಂದಿತು. ನಮ್ಮ ಅಭಿಮಾನ ಎಲ್ಲಿ ಹೆಚ್ಚಾಗಿ ತೊಡಗಿದೆಯೋ ಅಲ್ಲಿ ನಮ್ಮ ದೃಷ್ಟಿ ಮಂದ. ಆದರೆ ಯಾರನ್ನು ಕೇಳಬೇಕು? ನಮ್ಮ ಅನ್ನಕ್ಕೆ ಹಂಗಾಗಿರುವವರನ್ನಲ್ಲ. ನಮ್ಮ ಮೇಲೆ ಪ್ರೀತಿಯಿದ್ದು, ಭಯವಿಲ್ಲದವರನ್ನು. “ನಾನು ಎಂಥವನು?” ಎಂದು ಕೇಳಿದರೆ ಹೊಗಳಿಕೆ ದೊರೆಯುತ್ತದೆ. “ನಾನು ಇರುವಾಗ ಮನೆಯ ಮಾತುಕತೆ ಹೇಗೆ ಬದಲಾಗುತ್ತದೆ?” ಎಂದು ಕೇಳಿದರೆ ಉತ್ತರ ದೊರೆಯಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಆತ್ಮಪರೀಕ್ಷೆ ಬೇರೆ, ತನ್ನನ್ನೇ ಕೊರಗಿನಿಂದ ಕೆದಕುತ್ತ ಕೂರುವುದು ಬೇರೆ. ಅಂಥ ಕೊರಗು ಖಿನ್ನತೆಯನ್ನು ಹೆಚ್ಚಿಸಿ ದೀರ್ಘಕಾಲ ನಿಲ್ಲಿಸುತ್ತದೆಂದು ಸೂಸನ್ ನೋಲೆನ್-ಹೋಕ್ಸೆಮಾ ಅವರ ಸಂಶೋಧನೆಗಳು ತೋರಿಸಿವೆ. ಬರೆದಷ್ಟೂ ಮನಸ್ಸು ಕುಗ್ಗುತ್ತ ಹೋದರೆ ಪುಸ್ತಕವನ್ನು ಮುಚ್ಚಿ ವೈದ್ಯರನ್ನು ಕಾಣುವುದೇ ವಿವೇಕ. ಎರಡನೆಯದಾಗಿ, ಮರೆಯಲ್ಲಿರುವುದೆಲ್ಲ ದೋಷವೇ ಅಲ್ಲ. ಒಪ್ಪಿಕೊಳ್ಳದ ಭಾಗದಲ್ಲಿ ಒಳ್ಳೆಯ ಶಕ್ತಿಗಳೂ ಅಡಗಿರುತ್ತವೆಂದು ಯೂಂಗ್ ಹೇಳಿದ್ದನು. ಗಂಡಸಿಗೆ ತಕ್ಕುದಲ್ಲವೆಂದು ಅದುಮಿಟ್ಟ ಮರುಕ, ಹೆಂಗಸಿಗೆ ಒಪ್ಪದೆಂದು ಅದುಮಿಟ್ಟ ಧೈರ್ಯ, ಸಂಸಾರಕ್ಕೆ ಅನ್ನವಿಡದೆಂದು ಕೈಬಿಟ್ಟ ಸಂಗೀತ, ಇವೂ ಅಲ್ಲಿಯೇ ಇರುತ್ತವೆ.

ತನ್ನನ್ನು ಪೂರ್ತಿಯಾಗಿ ಅರಿತವನು ಯಾರೂ ಇಲ್ಲ. ಅಷ್ಟು ಅರಿಯಬೇಕಾದ ಅಗತ್ಯವೂ ಇಲ್ಲ. ನಮ್ಮ ಕೈಯಲ್ಲಿ ಇತರರ ಬಾಳನ್ನು ತಿರುಗಿಸುವ ಅಧಿಕಾರ ಇರುವ ಕಡೆ ಮಾತ್ರ ಒಂದಿಷ್ಟು ತಡೆದು ನೋಡಿದರೆ ಸಾಕು. “ನಿನ್ನ ಹಿತಕ್ಕಾಗಿ” ಎಂಬ ಮಾತು ನಾಲಗೆಯ ತುದಿಗೆ ಬಂದಾಗ, ಆ ಹಿತದಲ್ಲಿ ಅವನದೆಷ್ಟು, ನಮ್ಮದೆಷ್ಟು ಎಂದು ಲೆಕ್ಕಹಾಕಿ, ತರುವಾಯ ಮಾತನಾಡೋಣ.