ದೊಡ್ಡ ಗಾಡಿ, ಒಂದು ದಿನದ ಬಾಡಿಗೆ

ಮಗ ಬೆಳೆದು ನಿಂತ ಮೇಲೆ ತಂದೆಯಾದವನು ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಲೇಬೇಕಾಗುತ್ತದೆ. ಉತ್ತರ ಗೊತ್ತಿರಲಿ, ಇಲ್ಲದಿರಲಿ, ಎಲ್ಲ ಬಲ್ಲವನ ಗಾಂಭೀರ್ಯವನ್ನಂತೂ ಮುಖದ ಮೇಲೆ ತಂದುಕೊಳ್ಳಬೇಕು. ಕಳೆದ ಅಕ್ಟೋಬರಿನ ಒಂದು ರಾತ್ರಿ ನನಗೂ ಅಂಥ ಪ್ರಸಂಗ ಒದಗಿತು.

ನಾವು ಸಾಂತಾಕ್ರೂಜ್ ಪೂರ್ವದಲ್ಲಿ, ವಾಕೋಲಾದ ಕಡೆ ಇರುವವರು. ಊರು ಕುಂದಾಪುರದ ಹತ್ತಿರ. ೨೩ ವರ್ಷದ ನಮ್ಮ ಮಗರಾಯ ಊಟಕ್ಕೆ ಕುಳಿತವನು, “ಅಪ್ಪ, ಡಿಸೆಂಬರಿನಲ್ಲಿ ನಾವು ನಾಲ್ವರು ಗೆಳೆಯರು ಬೈಕಿನಲ್ಲೇ ಊರಿಗೆ ಹೋಗುವುದೆಂದು ಮಾಡಿದ್ದೇವೆ” ಎಂದ. ಬೈಕೆಂದರೆ ನಮ್ಮ ಮನೆಯ ಬೈಕಲ್ಲ. ಬಾಡಿಗೆಗೆ ಸಿಗುವ ೬೫೦ ಸಿ.ಸಿ.ಯ ಕ್ರೂಸರ್ ಮೋಟಾರು ಸೈಕಲ್ಲು! ಅವನು ಈವರೆಗೆ ಓಡಿಸಿದ್ದು ಅವನ ತಾಯಿಯ ಸ್ಕೂಟರ್, ಮತ್ತು ನಾನು ಕೊಟ್ಟಾಗ ನನ್ನ ಸ್ಪ್ಲೆಂಡರ್. ಇಷ್ಟೇ.

“ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದವನಿಗೆ ಒಮ್ಮೆಗೇ ಊರಿಗೆ ಹೋಗುವ ಹುಚ್ಚೇ?” ಎಂದಳು ನಮ್ಮಾಕೆ. ಆಮೇಲೆ ನನ್ನ ಕಡೆ ತಿರುಗಿ, “ನೀವೇ ಹೇಳಿ. ಇಪ್ಪತ್ತನಾಲ್ಕು ವರ್ಷ ಗಾಡಿ ಓಡಿಸಿದವರು ನೀವು” ಎಂದಳು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಬೇಡವೆಂದರೆ ಮಗ ಹೇಳದೆ ಹೋದಾನು. ಹೂಂ ಎಂದು ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಆ ತಾಯಿಯ ಮುಖವನ್ನು ನೋಡುವುದು ಹೇಗೆ? ನಿಜವಾಗಿ ನನಗೇ ಆ ಗಾಡಿಯ ಗಂಧಗಾಳಿ ಇರಲಿಲ್ಲ. “ಮೊದಲು ನಾನೊಂದು ದಿನ ಬಾಡಿಗೆಗೆ ತಂದು ನೋಡುತ್ತೇನೆ. ಆಮೇಲೆ ಮಾತು” ಎಂದೆ. ಮಗ ನಕ್ಕ. ನಮ್ಮಾಕೆ ನಗಲಿಲ್ಲ.

ನಮ್ಮ ಕಾಲದವರಿಗೆ ದೊಡ್ಡ ಗಾಡಿಯೆಂದರೆ ಮೈಸೂರಿನ ಜಾವಾ, ಇಲ್ಲವೇ ಮದ್ರಾಸಿನ ಬುಲೆಟ್. ೧೯೬೧ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಝೆಕ್ ಮಾದರಿಯ ೨೫೦ ಸಿ.ಸಿ. ಗಾಡಿಗಳು ತಯಾರಾಗತೊಡಗಿದವು; ಅವೇ ಮುಂದೆ ಯೆಜ್ದಿ ಎಂಬ ಹೆಸರು ಪಡೆದವು. ೧೯೫೫ರಿಂದಲೇ ಮದ್ರಾಸಿನಲ್ಲಿ ೩೫೦ ಸಿ.ಸಿ.ಯ ಬುಲೆಟ್ ಜೋಡಿಸುತ್ತಿದ್ದರು. ಆಮೇಲೆ ೧೯೮೫ರಲ್ಲಿ ಹೀರೊ ಹೊಂಡಾ ಸಿ.ಡಿ. ೧೦೦ ಬಂತು, ೧೯೯೪ರಲ್ಲಿ ಸ್ಪ್ಲೆಂಡರ್ ಬಂತು. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಓಡುತ್ತದೆ ಎಂಬುದೇ ಮದುವೆಯಾದವರ ಮೊದಲ ಪ್ರಶ್ನೆಯಾಯಿತು. ೧೯೯೬ರಲ್ಲಿ ಮೈಸೂರಿನ ಆ ಕಾರ್ಖಾನೆ ಬಾಗಿಲು ಹಾಕಿತು. ಹೀಗೆ ನಾವೆಲ್ಲ ನೂರು ಸಿ.ಸಿ.ಯ ಜನರಾದೆವು. ಜಾವಾ, ಯೆಜ್ದಿ ಹೆಸರುಗಳು ೨೦೧೮ರ ಮೇಲೆ ಮತ್ತೆ ಬಂದಿವೆಯಾದರೂ ಅವು ಹೊಸ ಕಂಪನಿಯ ಹೊಸ ಗಾಡಿಗಳು.

ಮೈಸೂರಿನಲ್ಲಿರುವ ನನ್ನ ಸೋದರಮಾವನ ಬಳಿ ಬಹುಕಾಲ ಯೆಜ್ದಿ ಇತ್ತು. ಅದರಲ್ಲಿ ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಿಸಿದರೆ ಗೇರು ಹಾಕುವ ಕಡ್ಡಿಯಾಗುತ್ತಿತ್ತು. ಅದೊಂದು ಸೋಜಿಗವೆಂದು ನಾವು ಹುಡುಗರು ಸುತ್ತ ನೆರೆದು ನೋಡುತ್ತಿದ್ದೆವು. ಅವರಿಗೆ ಫೋನು ಮಾಡಿ ವಿಷಯ ತಿಳಿಸಿದೆ. “ಓಡಿಸುವುದು ಏನೂ ಕಷ್ಟವಿಲ್ಲ ಮಾರಾಯ. ನಿಲ್ಲಿಸುವುದನ್ನು ಕಲಿ” ಎಂದರು. ಎಂಬತ್ತು ದಾಟಿದವರ ಮಾತು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಬಾಡಿಗೆಯ ವ್ಯವಹಾರದಲ್ಲಿ ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಮೋಟಾರು ಸೈಕಲ್ಲನ್ನು ಬಾಡಿಗೆಗೆ ಕೊಡಲು ೧೯೮೮ರ ಮೋಟಾರು ವಾಹನ ಕಾಯಿದೆಯ ೭೫ನೆಯ ಕಲಮಿನ ಕೆಳಗೆ ೧೯೯೭ರಲ್ಲಿ ಮಾಡಿದ ಒಂದು ಯೋಜನೆ ಇದೆ. ಅದರಂತೆ ಪರವಾನಗಿ ಪಡೆದವರು ಮಾತ್ರ ಕೊಡಬಹುದು. ಅಂಥ ಗಾಡಿಯ ನಂಬರಿನ ಹಲಗೆ ಕಪ್ಪಾಗಿದ್ದು ಅಕ್ಷರಗಳು ಹಳದಿಯಾಗಿರುತ್ತವೆ. ಬಿಳಿಯ ಹಲಗೆಯ ಗಾಡಿಯನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಕೈಮುಗಿದು ಬರುವುದು ಲೇಸು. ಅಪಘಾತವೇನಾದರೂ ಆದರೆ, ಸ್ವಂತ ಬಳಕೆಗೆಂದು ಮಾಡಿಸಿದ ವಿಮೆ ಕೈಕೊಡುವ ಸಂಭವವೇ ಹೆಚ್ಚು. ನಿಮ್ಮ ಲೈಸೆನ್ಸು ಗೇರು ಇರುವ ಗಾಡಿಯದಾಗಿರಬೇಕು. ಗಾಡಿಯಲ್ಲಿ ಮೊದಲೇ ಇರುವ ಗೀರು, ತಗ್ಗುಗಳ ಫೋಟೋವನ್ನು ಅಂಗಡಿಯವನ ಎದುರಿಗೇ ತೆಗೆದಿಟ್ಟುಕೊಳ್ಳಬೇಕು. ಒಪ್ಪಂದದ ಕಾಗದದಲ್ಲಿ ಪೆಟ್ಟಾದರೆ ಯಾರು ತೆರಬೇಕೆಂಬ ಸಾಲನ್ನು ಓದದೆ ಸಹಿ ಹಾಕಬಾರದು. ನಾನು ಇದೆಲ್ಲವನ್ನೂ ಮಾಡಿ, ಡಿಪಾಸಿಟ್ ಕಟ್ಟಿ, ಭಾನುವಾರ ಬೆಳಗ್ಗೆ ಆರಕ್ಕೆ ಗಾಡಿಯನ್ನು ಪಡೆದೆ.

ಅದು ರಾಯಲ್ ಎನ್‌ಫೀಲ್ಡ್‌ನವರ ಸೂಪರ್ ಮೀಟಿಯರ್ ೬೫೦, ೨೦೨೩ರಲ್ಲಿ ಮಾರಾಟಕ್ಕೆ ಬಂದ ಮಾದರಿ. ನನ್ನ ಸ್ಪ್ಲೆಂಡರಿಗೆ ೯೭ ಸಿ.ಸಿ., ಸುಮಾರು ೮ ಕುದುರೆಗಳ ಶಕ್ತಿ, ೧೧೨ ಕಿಲೋ ತೂಕ. ಇದಕ್ಕೆ ೬೪೮ ಸಿ.ಸಿ., ಸುಮಾರು ೪೭ ಕುದುರೆಗಳ ಶಕ್ತಿ, ೨೪೧ ಕಿಲೋ ತೂಕ. ಕ್ರೂಸರ್ ಎಂಬುದು ಅಮೆರಿಕದ ಉದ್ದನೆಯ ನೇರ ರಸ್ತೆಗಳಿಗಾಗಿ ಹುಟ್ಟಿದ ಆಕಾರ: ಆಸನ ತಗ್ಗು, ಹ್ಯಾಂಡಲ್ ಅಗಲ, ಕಾಲಿಡುವ ಜಾಗ ಮುಂದಕ್ಕೆ, ಎರಡು ಚಕ್ರಗಳ ನಡುವೆ ದೂರ ಹೆಚ್ಚು. ಇದರ ಆಸನ ಸ್ಪ್ಲೆಂಡರಿನದಕ್ಕಿಂತ ೪೫ ಮಿಲಿಮೀಟರ್ ತಗ್ಗು. ಕುಳಿತರೆ ಎರಡೂ ಪಾದಗಳು ನೆಲಕ್ಕೆ ಹಾಯಾಗಿ ಊರುತ್ತವೆ. ‘ಇಷ್ಟೆಯೇ?’ ಎಂದಿತು ಮನಸ್ಸು. ಮನಸ್ಸು ಹೀಗೆನ್ನುವಾಗಲೇ ಎಚ್ಚರವಾಗಿರಬೇಕೆಂದು ಈಗ ಗೊತ್ತಾಗಿದೆ.

ಎಲ್ಲಿಗೆ ಹೋಗುವುದು? ಹೊಸ ದೊಡ್ಡ ರಸ್ತೆಗಳಲ್ಲಿ ಹೋಗೋಣವೆಂದರೆ ಮುಂಬಯಿಯಲ್ಲಿ ಎರಡು ಚಕ್ರದವರಿಗೆ ಆ ಭಾಗ್ಯವಿಲ್ಲ. ಬಾಂದ್ರಾ-ವರ್ಲಿ ಸಮುದ್ರ ಸೇತುವೆಗೆ ಬಿಡುವುದಿಲ್ಲ, ಪುಣೆಯ ಎಕ್ಸ್‌ಪ್ರೆಸ್ ಮಾರ್ಗಕ್ಕೆ ಬಿಡುವುದಿಲ್ಲ, ೨೦೨೪ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿಗೂ ಬಿಡುವುದಿಲ್ಲ. ಅಲ್ಲಿ ೬೫೦ ಸಿ.ಸಿ.ಯೂ ಒಂದೇ, ನಮ್ಮ ಬಡ ಸ್ಪ್ಲೆಂಡರೂ ಒಂದೇ. ಆದ್ದರಿಂದ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿ ಹಿಡಿದು ಉತ್ತರಕ್ಕೆ, ದಹಿಸರ್ ದಾಟಿ ಘೋಡ್‌ಬಂದರ್ ರಸ್ತೆಗೆ ಹೋಗಿ ಬರುವುದೆಂದು ನಿಶ್ಚಯಿಸಿದೆ.

ವಾಕೋಲಾದ ಗಲ್ಲಿಯಿಂದ ಹೆದ್ದಾರಿಗೆ ಬರುವಷ್ಟರಲ್ಲೇ ಬೆವರಿಳಿಯಿತು. ಹಾಲಿನವನ ಸೈಕಲ್ಲು, ಎದುರಿಗೊಂದು ರಿಕ್ಷಾ, ನಡುವೆ ಒಂದು ನಾಯಿ. ಸ್ಪ್ಲೆಂಡರಿನಲ್ಲಾದರೆ ನಾನು ಇದನ್ನೆಲ್ಲ ಲೆಕ್ಕಕ್ಕೇ ಇಡುವವನಲ್ಲ. ಸೊಂಟವನ್ನು ಸ್ವಲ್ಪ ಓರೆ ಮಾಡಿದರೆ ಗಾಡಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಇಲ್ಲಿ ತಿರುವಿಗೆ ರಸ್ತೆಯ ಅಗಲವೆಲ್ಲ ಬೇಕಾಯಿತು. ಕಾಲುಗಳು ಮುಂದಕ್ಕೆ ಚಾಚಿರುವುದರಿಂದ ಗಾಡಿ ವಾಲಿದಾಗ ಅವು ಕೂಡಲೇ ಕೆಳಗೆ ಸಿಗುವುದಿಲ್ಲ.

ಆದರೆ ಹೆದ್ದಾರಿಗೆ ಬಂದೊಡನೆ ಬೇರೆಯೇ ಕಥೆ. ವಿಲೇಪಾರ್ಲೆ, ಅಂಧೇರಿ, ಜೋಗೇಶ್ವರಿಗಳು ಒಂದರ ಹಿಂದೊಂದು ಸರಿದುಹೋದವು. ಆ ೨೪೧ ಕಿಲೋ ಎಲ್ಲಿ ಹೋಯಿತೋ ತಿಳಿಯದು! ಓಡುವ ಚಕ್ರ ಗಾಡಿಯನ್ನು ತಾನೇ ನೆಟ್ಟಗೆ ನಿಲ್ಲಿಸಿಕೊಳ್ಳುತ್ತದೆ. ಬಲಗೈಯನ್ನು ಒಂದಿಷ್ಟು ತಿರುಗಿಸಿದರೆ ಸಾಕು, ವೇಗ ಏರಿದ್ದೇ ಗೊತ್ತಾಗುವುದಿಲ್ಲ. ಅರುವತ್ತರಲ್ಲಿದ್ದೇನೆಂದು ತಿಳಿದಿದ್ದವನು ಕಾಂದಿವಲಿಯ ಹತ್ತಿರ ಮುಳ್ಳು ನೋಡಿದರೆ ತೊಂಬತ್ತು! ನನ್ನ ಸ್ಪ್ಲೆಂಡರು ಅರುವತ್ತು ದಾಟಿದರೆ ಮೈಯೆಲ್ಲ ನಡುಗಿಸಿ ಎಚ್ಚರಿಸುತ್ತದೆ. ಈ ಗಾಡಿ ಎಚ್ಚರಿಸುವುದಿಲ್ಲ.

ಶಾಲೆಯಲ್ಲಿ ಓದಿದ ಒಂದು ಲೆಕ್ಕ ಇಲ್ಲಿ ನೆನಪಾಗಬೇಕು. ನನ್ನ ತೂಕ ೬೮ ಕಿಲೋ. ಸ್ಪ್ಲೆಂಡರಿನೊಡನೆ ಕೂಡಿದರೆ ೧೮೦, ಇದರೊಡನೆ ಕೂಡಿದರೆ ೩೦೯. ವೇಗ ಒಂದೇ ಇದ್ದರೂ ಬ್ರೇಕು ಹೀರಬೇಕಾದ ಶಕ್ತಿ ಒಂದೂ ಮುಕ್ಕಾಲು ಪಟ್ಟಿಗೆ ಹತ್ತಿರ. ವೇಗ ಹೆಚ್ಚಾದರೆ ಶಕ್ತಿ ಅದರ ವರ್ಗದಂತೆ ಹೆಚ್ಚುತ್ತದೆ. ಚಿಕ್ಕ ಗಾಡಿಯ ಅರುವತ್ತಕ್ಕೂ ದೊಡ್ಡದರ ತೊಂಬತ್ತಕ್ಕೂ ಹೋಲಿಸಿದರೆ ಸುಮಾರು ನಾಲ್ಕು ಪಟ್ಟು! ನಮ್ಮಂಥವರು ಜೀವಮಾನವೆಲ್ಲ ಕಾಲಿನಿಂದ ಹಿಂದಿನ ಬ್ರೇಕನ್ನು ಒತ್ತಿಯೇ ಕಾಲ ಹಾಕಿದವರು. ದೊಡ್ಡ ಗಾಡಿಯನ್ನು ನಿಲ್ಲಿಸುವ ಮುಖ್ಯ ಬಲವಿರುವುದು ಮುಂದಿನ ಬ್ರೇಕಿನಲ್ಲಿ. ಚಕ್ರ ಬಿಗಿದು ಜಾರದಂತೆ ಕಾಯುವ ಎ.ಬಿ.ಎಸ್. ಏರ್ಪಾಟು ೧೨೫ ಸಿ.ಸಿ.ಗಿಂತ ಹೆಚ್ಚಿನ ಹೊಸ ಗಾಡಿಗಳಿಗೆಲ್ಲ ೨೦೧೯ರಿಂದ ಕಡ್ಡಾಯವಾಗಿದೆ. ಅದರ ಮೇಲೆ ಭರವಸೆಯಿಟ್ಟು ಖಾಲಿ ರಸ್ತೆಯಲ್ಲಿ ನಾಲ್ಕಾರು ಸಲ ಹಿಡಿದು ನೋಡಿ ಬೆರಳಿಗೆ ಅಭ್ಯಾಸ ಮಾಡಿಕೊಂಡೆ. ನೆಟ್ಟಗೆ ಹೋಗುವಾಗ ಆ ಬ್ರೇಕು ಎಷ್ಟು ಒಳ್ಳೆಯದೋ, ಹ್ಯಾಂಡಲ್ ತಿರುಗಿದ್ದಾಗ ಅಷ್ಟೇ ಕೆಟ್ಟದ್ದು ಎಂಬುದು ಆಗ ಹೊಳೆಯಲಿಲ್ಲ.

ಅದು ಹೊಳೆದದ್ದು ಘೋಡ್‌ಬಂದರ್ ರಸ್ತೆಯ ಅಂಚಿನ ಒಂದು ಚಹದ ಅಂಗಡಿಯ ಮುಂದೆ. ಬೆಳಗಿನ ಗಾಳಿ, ಬಲಕ್ಕೆ ರಾಷ್ಟ್ರೀಯ ಉದ್ಯಾನದ ಹಸಿರು ಗುಡ್ಡ. ಮನಸ್ಸು ಪ್ರಫುಲ್ಲವಾಗಿತ್ತು. ಡಾಂಬರಿನಿಂದ ಎಡಕ್ಕೆ, ಜಲ್ಲಿ ಚೆಲ್ಲಿದ ಇಳುಕಲು ಜಾಗಕ್ಕೆ ಹ್ಯಾಂಡಲ್ ತಿರುಗಿಸಿದೆ. ನಡೆದು ಹೋಗುವವನ ವೇಗವೂ ಇರಲಿಲ್ಲ. ಇನ್ನೇನು ನಿಲ್ಲಬೇಕೆನ್ನುವಾಗ, ಆಗತಾನೆ ಕಲಿತ ಪಾಠದಂತೆ ಮುಂದಿನ ಬ್ರೇಕನ್ನೇ ಹಿಡಿದೆ. ಗಾಡಿ ಎಡಕ್ಕೆ ವಾಲಿತು. ಎಡಗಾಲನ್ನು ಊರಿದೆ, ಜಲ್ಲಿಯ ಮೇಲೆ ಕಾಲು ಜಾರಿತು. ಸ್ಪ್ಲೆಂಡರಾಗಿದ್ದರೆ ಮಂಡಿಯ ಬಲದಿಂದಲೇ ತಡೆಯುತ್ತಿದ್ದೆ. ಇದು ಒಂದು ಹಂತದವರೆಗೆ ವಾಲಿ, ಆಮೇಲೆ ಯಾರ ಮಾತನ್ನೂ ಕೇಳದೆ, ಎಮ್ಮೆ ಕೆಸರಿನಲ್ಲಿ ಮಲಗುವ ಹಾಗೆ ನಿಧಾನವಾಗಿ ಮಲಗಿಬಿಟ್ಟಿತು. ಕಾಲಿಗೆ ಅಡ್ಡವಾಗಿ ಕಬ್ಬಿಣದ ಗಾರ್ಡು ಇದ್ದುದರಿಂದ ನನ್ನ ಎಡಗಾಲು ಅಡಿಗೆ ಸಿಕ್ಕಲಿಲ್ಲ. ಹಿಂದೆ ನಮ್ಮಾಕೆ ಕುಳಿತಿದ್ದರೆ? ಆ ಯೋಚನೆಗೆ ಕೈಕಾಲು ತಣ್ಣಗಾದವು.

ಮೊದಲು ಎಂಜಿನ್ ಆರಿಸಿದೆ. ಹ್ಯಾಂಡಲ್ ಹಿಡಿದು ಮುಂದಿನಿಂದ ಎಳೆದೆ, ಗಾಡಿ ಅಲ್ಲಾಡಲಿಲ್ಲ. ಚಹ ಕುಡಿಯುತ್ತಿದ್ದ ಒಬ್ಬ ಲಾರಿ ಡ್ರೈವರು ಲೋಟವನ್ನು ಕೆಳಗಿಟ್ಟು ಬಂದು, “ಅಣ್ಣ, ಹಾಗೆತ್ತಿದರೆ ಸೊಂಟ ಹೋಗುತ್ತದೆ” ಎಂದು ಹಿಂದಿಯಲ್ಲಿ ಹೇಳಿ ರೀತಿಯನ್ನು ತೋರಿಸಿಕೊಟ್ಟ. ಗಾಡಿ ಉರುಳದಂತೆ ಗೇರಿನಲ್ಲೇ ಇರಬೇಕು. ಅದಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಆಸನದ ಅಂಚಿಗೆ ಪೃಷ್ಠವನ್ನು ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಬೆನ್ನನ್ನು ನೆಟ್ಟಗಿಟ್ಟು ತೊಡೆಗಳ ಬಲದಿಂದ ಸಣ್ಣ ಸಣ್ಣ ಹೆಜ್ಜೆಯಿಡುತ್ತ ಹಿಂದಕ್ಕೆ ನೂಕಬೇಕು. ಅವನೂ ಒಂದು ಕೈ ಕೊಟ್ಟ. ಗಾಡಿ ಎದ್ದಿತು. ಎಡಗಡೆಯ ಕನ್ನಡಿ ಒಡೆದಿತ್ತು, ಕ್ಲಚ್ಚಿನ ಹಿಡಿ ಬಾಗಿತ್ತು. ಅಷ್ಟೂ ನನ್ನ ತಪ್ಪೇ. ಸಂಜೆ ಡಿಪಾಸಿಟ್ಟಿನಲ್ಲಿ ಅದರ ಬೆಲೆಯನ್ನು ಮುರಿದುಕೊಂಡಾಗ ನಾನು ಚಕಾರವೆತ್ತಲಿಲ್ಲ.

ಎರಡು ಲೋಟ ಚಹ ಕುಡಿಯುವಷ್ಟರಲ್ಲಿ ಮಾವನ ಮಾತು ಅರ್ಥವಾಯಿತು. ಚಿಕ್ಕ ಗಾಡಿಯಲ್ಲಿ ನಾವು ಕಲಿತಿರುವುದು ತಪ್ಪನ್ನು ಮೈಬಲದಿಂದ ತಿದ್ದಿಕೊಳ್ಳುವುದನ್ನು. ವಾಲಿದರೆ ಕಾಲು, ತಿರುಗದಿದ್ದರೆ ಸೊಂಟ, ಹಿಂದೆ ಸರಿಯಬೇಕಾದರೆ ತೋಳು. ದೊಡ್ಡ ಗಾಡಿಯಲ್ಲಿ ಆ ಬಲ ಸಾಲದು. ತಪ್ಪಾಗುವ ಮೊದಲೇ ಯೋಚಿಸಬೇಕು. ಎಲ್ಲಿ ನಿಲ್ಲಿಸುತ್ತೇನೆ, ನೆಲ ಗಟ್ಟಿಯಿದೆಯೇ, ಯಾವ ಕಡೆ ಇಳಿಜಾರು, ಮತ್ತೆ ಹೊರಡುವುದು ಹೇಗೆ ಎಂದು ಇಪ್ಪತ್ತು ಗಜ ಮೊದಲೇ ನಿರ್ಧರಿಸಬೇಕು. ಮೂತಿ ತಗ್ಗಿಗೆ ಮಾಡಿ ನಿಲ್ಲಿಸಿದರೆ ೨೪೧ ಕಿಲೋವನ್ನು ಏರಿಗೆ ಹಿಂದೆ ನೂಕುವವರು ಯಾರು? ಗಾಡಿ ನೆಟ್ಟಗಿದ್ದು ಹ್ಯಾಂಡಲೂ ನೆಟ್ಟಗಿರುವಾಗಲೇ ನಿಲ್ಲಬೇಕು. ಆಮೆಯ ನಡಿಗೆಯಲ್ಲಿ ಮುಂದಿನ ಬ್ರೇಕನ್ನು ಮರೆತು, ಅರ್ಧ ಕ್ಲಚ್ಚು ಮತ್ತು ಹಿಂದಿನ ಬ್ರೇಕಿನಲ್ಲೇ ಸಾಗಬೇಕು. ಕಣ್ಣು ಚಕ್ರದ ಮುಂದಿನ ನೆಲದ ಮೇಲಿರದೆ, ಹೋಗಬೇಕಾದ ಕಡೆ ಇರಬೇಕು.

ಹಿಂದಿರುಗುವ ಮೊದಲು ಅಲ್ಲೇ ಒಂದು ಖಾಲಿ ಜಾಗದಲ್ಲಿ ಅರ್ಧ ಗಂಟೆ ಇದನ್ನೇ ಅಭ್ಯಾಸ ಮಾಡಿದೆ: ನಿಲ್ಲುವುದು, ಹೊರಡುವುದು, ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಬೆಳಗ್ಗೆ ಗಾಡಿ ಪಡೆದಾಗಲೇ ಮಾಡಬೇಕಾಗಿದ್ದ ಕೆಲಸ. ಅಂಧೇರಿಯ ದಟ್ಟಣೆಯಲ್ಲಿ ಎಂಜಿನ್ನಿನ ಬಿಸಿಗೆ ಕಾಲು ಕಾಯುತ್ತಿದ್ದರೂ ಸಂದಿಗಳಲ್ಲಿ ನುಗ್ಗದೆ ಕಾರಿನವರ ಹಾಗೆ ಸಾಲಿನಲ್ಲಿ ನಿಂತು ಮನೆ ಸೇರಿದೆ.

ಅಂದು ರಾತ್ರಿ ಊಟದ ಹೊತ್ತಿಗೆ ಬಿದ್ದ ಸಂಗತಿಯನ್ನು ಮುಚ್ಚಿಡದೆ ಹೇಳಿದೆ. ಮುಚ್ಚಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಮಗನಿಗೆ ಪಾಠ ಸಿಗುತ್ತಿರಲಿಲ್ಲ. “ಹೋಗು” ಎಂದೆ. “ಆದರೆ ಮೂರು ಮಾತು. ಮೊದಲು ಇಲ್ಲೇ ಎರಡು ಭಾನುವಾರ ಗಾಡಿ ತಂದು ಮೈದಾನದಲ್ಲಿ ನಿಧಾನವಾಗಿ ಓಡಿಸುವುದನ್ನು ಕಲಿ. ಅದರ ಬಾಡಿಗೆ ನಾನು ಕೊಡುತ್ತೇನೆ. ದಾರಿಯಲ್ಲಿ ಹಿಂದೆ ಯಾರನ್ನೂ ಕೂರಿಸಬೇಡ. ಕತ್ತಲಾಗುವ ಮೊದಲು ಗಾಡಿ ನಿಲ್ಲಲಿ, ಎರಡು ದಿನದ ದಾರಿ ಮೂರು ದಿನವಾದರೂ ಚಿಂತೆಯಿಲ್ಲ.” ನಮ್ಮಾಕೆ ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ ಎದ್ದುಹೋಗುತ್ತ, “ಹೆಲ್ಮೆಟ್ ಒಳ್ಳೆಯದು ತೆಗೆದುಕೊ, ಐ.ಎಸ್.ಐ. ಗುರುತಿನದು. ದುಡ್ಡು ನಾನು ಕೊಡುತ್ತೇನೆ” ಎಂದಳು. ಮಗನಿಗೂ ನನಗೂ ಅನುಮತಿ ಸಿಕ್ಕಿತೆಂದು ತಿಳಿಯಿತು.

ಡಿಸೆಂಬರಿನಲ್ಲಿ ಹುಡುಗರು ಹೊರಟರು. ಪನವೇಲಿನಿಂದ ಗೋವೆಯ ಹಾದಿ ಹಿಡಿದು, ಮೂರನೆಯ ದಿನ ಸಂಜೆ ಕುಂದಾಪುರ ತಲಪಿದರು. ನಮ್ಮಾಕೆ ಆ ಮೂರು ದಿನವೂ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಅವಳು ಮಾತಾಡಿ ಮುಗಿಸಿದ ಮೇಲೆ ನಾನು ಕೇಳಿದೆ:

“ಎಲ್ಲಾದರೂ ಬಿದ್ದೆಯೇನೋ?”

“ದಾರಿಯಲ್ಲಿ ಎಲ್ಲೂ ಇಲ್ಲ ಅಪ್ಪ” ಎಂದವನು ಸ್ವಲ್ಪ ತಡೆದು, “ಅಜ್ಜಿಯನ್ನು ಕಂಡ ಸಂತೋಷದಲ್ಲಿ ಅಂಗಳದಲ್ಲಿ ಸ್ಟ್ಯಾಂಡು ಹಾಕುವುದನ್ನು ಮರೆತೆ. ತುಳಸಿಕಟ್ಟೆಯ ಪಕ್ಕದಲ್ಲಿ ಮಲಗಿತು. ನೀವು ಹೇಳಿದ ಹಾಗೆ ಬೆನ್ನು ಕೊಟ್ಟು ಎತ್ತಿದೆ” ಎಂದ.