ಐವತ್ತು ಜನರ ಪಾಸ್ತಾಗೆ ಹತ್ತು ಪಟ್ಟು ನೀರು ಬೇಡ

ಗೃಹಪ್ರವೇಶವಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಈಗ ಗುಬ್ಬಿ, ಕುಣಿಗಲ್ ಕಡೆಯೂ ಊಟದ ಪಟ್ಟಿಯಲ್ಲಿ ಮನೆಯ ಹುಡುಗರು ಒಂದು ಸಾಲು ಸೇರಿಸಿಬಿಡುತ್ತಾರೆ: ಬೇಕ್ ಮಾಡಿದ ಪಾಸ್ತಾ. ಒಬ್ಬಟ್ಟು, ಪಲಾವ್, ಕೋಸಂಬರಿಗಳ ನಡುವೆ ಅದೂ ಒಂದು. ಮನೆಯವರು ನಾಲ್ಕು ಜನಕ್ಕೆ ಮಾಡಿಕೊಂಡಾಗ ಚೆನ್ನಾಗಿಯೇ ಬಂದಿರುತ್ತದೆ. ಐವತ್ತು ಜನಕ್ಕೆ ಮಾಡಿದ ದಿನ ಮಾತ್ರ ಮೇಲೆ ಕರಿ, ನಡುವೆ ತಣ್ಣಗೆ, ತಳದಲ್ಲಿ ಅಂಟು. ಆಗ ಎಲ್ಲರೂ ಹೇಳುವುದು ಒಂದೇ ಮಾತು: ಇದು ನಮ್ಮ ಅಡುಗೆಯಲ್ಲ, ನಮಗೆ ಒಗ್ಗುವುದಿಲ್ಲ.

ಒಗ್ಗದೆ ಏನು? ಸಿದ್ಧಗಂಗಾ ಮಠದಲ್ಲಿ ದಿನವೂ ಸಾವಿರಾರು ವಿದ್ಯಾರ್ಥಿಗಳಿಗೂ ಬಂದುಹೋಗುವ ಭಕ್ತರಿಗೂ ಊಟ ಬಡಿಸುವ ತುಮಕೂರು ಜಿಲ್ಲೆ ನಮ್ಮದು. 2019ರ ಜನವರಿ 21ರಂದು ಲಿಂಗೈಕ್ಯರಾದ ಆ ಮಠದ ಶಿವಕುಮಾರ ಸ್ವಾಮೀಜಿಯವರ ಹೆಸರು ಹೇಳಿದರೆ ನಾಡಿನವರಿಗೆ ಮೊದಲು ನೆನಪಾಗುವುದೇ ದಾಸೋಹ. ಎಡೆಯೂರಿನ ದೇವಸ್ಥಾನಕ್ಕೆ ಹೋದವರೂ ಪಂಕ್ತಿಯಲ್ಲಿ ಕೂತು ಉಂಡೇ ಬರುತ್ತಾರೆ. ದೊಡ್ಡ ಅಡುಗೆಯ ತಿಳಿವಳಿಕೆ ಇಲ್ಲಿಯ ಗಾಳಿಯಲ್ಲೇ ಇದೆ. ಕೆಡಿಸುತ್ತಿರುವುದು ಪಾಸ್ತಾದ ಬಗ್ಗೆ ಕಿವಿಯಿಂದ ಕಿವಿಗೆ ಬಂದ ಕೆಲವು ನಂಬಿಕೆಗಳು, ಅದಕ್ಕಿಂತ ಹೆಚ್ಚಾಗಿ ಗುಣಾಕಾರ.

“ಪಾಸ್ತಾ ಅಂದರೆ ಬರೀ ಮೈದಾ”

ಅಗ್ಗದ ಕೆಲವು ಪೊಟ್ಟಣಗಳಲ್ಲಿ ಮೈದಾ ಇರುವುದು ನಿಜ. ಆದರೆ ಒಣ ಪಾಸ್ತಾದ ಮೂಲ ಪದಾರ್ಥ ಡ್ಯೂರಮ್ ಗೋಧಿಯ ರವೆ. ಈ ಗೋಧಿ ನಮಗೆ ಪರದೇಶಿಯಲ್ಲ. ಉಪ್ಪಿಟ್ಟಿಗೆಂದು ಅಂಗಡಿಯಲ್ಲಿ ಕೇಳಿ ತರುವ ಬನ್ಸಿ ರವೆ ಇದೇ ಜಾತಿಯ ಗೋಧಿಯದು. ಉತ್ತರ ಕರ್ನಾಟಕದ ಕಪ್ಪು ನೆಲದಲ್ಲಿ ಅದನ್ನು ಬಹಳ ಕಾಲದಿಂದ ಬೆಳೆಯುತ್ತಾರೆ, ಅಲ್ಲಿಯ ಶಾವಿಗೆಗೂ ಅದೇ ಬೇಕು. ಕಾಳು ಗಟ್ಟಿ, ಬಣ್ಣ ತುಸು ಹಳದಿ, ಪ್ರೋಟೀನ್ ಹೆಚ್ಚು. ಆ ಪ್ರೋಟೀನ್ ಬಲೆಯಂತೆ ಹೆಣೆದುಕೊಂಡು ಪಿಷ್ಟವನ್ನು ಒಳಗೇ ಹಿಡಿದಿಡುವುದರಿಂದ ಪಾಸ್ತಾ ಕುದಿದರೂ ಕರಗುವುದಿಲ್ಲ. ಸಕ್ಕರೆಯ ಅಂಶ ರಕ್ತಕ್ಕೆ ಸೇರುವ ವೇಗವೂ ಬಿಳಿ ಬ್ರೆಡ್ಡಿಗಿಂತ ಕಡಿಮೆ. ಐವತ್ತು ಜನಕ್ಕೆ ಮಾಡುವಾಗ ಮೈದಾ ಪಾಸ್ತಾ ತಂದರೆ ಉಳಿಯುವ ಹಣ ಸ್ವಲ್ಪ, ಕೊನೆಗೆ ಸಿಗುವುದು ಗಂಜಿ. ಪೊಟ್ಟಣದ ಹಿಂಭಾಗ ತಿರುಗಿಸಿ, ಮೊದಲ ಹೆಸರು ಯಾವುದೆಂದು ಓದಿ ಕೊಳ್ಳಿ.

ಇದರ ಜೊತೆಗೇ ಇನ್ನೊಂದು: “ರಾಗಿ ಪಾಸ್ತಾ ಸಿಗುತ್ತದಲ್ಲ, ಅದನ್ನೇ ಹಾಕಿದರೆ ಆರೋಗ್ಯ.” ರಾಗಿ ಒಳ್ಳೆಯದೇ, ತುಮಕೂರು ಸೀಮೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ರಾಗಿಯಲ್ಲಿ ಆ ಬಲೆ ಹೆಣೆಯುವ ಗ್ಲುಟೆನ್ ಇಲ್ಲ. ಹಾಗಿದ್ದರೆ ನಮ್ಮ ಒತ್ತು ಶಾವಿಗೆ ಎಳೆಯಾಗಿ ಹೇಗೆ ನಿಲ್ಲುತ್ತದೆ? ಅದರ ಹಿಟ್ಟನ್ನು ಮೊದಲು ಮುದ್ದೆಯಂತೆ ಬೇಯಿಸಿ, ಬಿಸಿಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತುತ್ತೇವೆ. ಬೆಂದ ಪಿಷ್ಟವೇ ಅಲ್ಲಿ ಅಂಟು. ಗೋಧಿ ಪಾಸ್ತಾವನ್ನು ಹಿಡಿದಿರುವುದು ಗ್ಲುಟೆನ್, ರಾಗಿ ಶಾವಿಗೆಯನ್ನು ಹಿಡಿದಿರುವುದು ಪಿಷ್ಟ. ಪಿಷ್ಟದ ಹಿಡಿತ ನೀರಲ್ಲಿ ಕುದಿಸಿ, ಸಾಸ್‌ನಲ್ಲಿ ನೆನೆಸಿ, ಮತ್ತೆ ಅರ್ಧ ಗಂಟೆ ಬಿಸಿಗೆ ಇಟ್ಟರೆ ಸಡಿಲವಾಗುತ್ತದೆ. ಆದ್ದರಿಂದ ಗೋಧಿ ರವೆ ಬೆರೆಸಿದ ರಾಗಿ ಪಾಸ್ತಾ ಆದರೆ ಬೇಕ್ ಮಾಡಬಹುದು. ಪೂರ್ತಿ ರಾಗಿಯದ್ದಾದರೆ ಕಾಯಿಹಾಲು, ಬೆಲ್ಲದ ಜೊತೆ ಶಾವಿಗೆಯನ್ನೇ ಬಡಿಸುವುದು ಜಾಣತನ. ಅದಕ್ಕಿಂತ ರುಚಿ ಇನ್ಯಾವುದಿದೆ, ಹೇಳಿ!

“ಮಾರ್ಕೊ ಪೋಲೊ ಚೀನಾದಿಂದ ಇಟಲಿಗೆ ತಂದ”

ಶಾಲೆಯ ಮಕ್ಕಳೂ ಹೇಳುವ ಈ ಕಥೆಯನ್ನು ಹಬ್ಬಿಸಿದ್ದು 1929ರಲ್ಲಿ ಅಮೆರಿಕದ ಪಾಸ್ತಾ ತಯಾರಕರ ಪತ್ರಿಕೆ. ಪೋಲೊ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮೊದಲೇ, 1279ರ ಜಿನೋವಾದ ಒಂದು ಆಸ್ತಿಪಟ್ಟಿಯಲ್ಲಿ ಮ್ಯಾಕರೋನಿ ತುಂಬಿದ ಬುಟ್ಟಿಯ ಲೆಕ್ಕವಿದೆ. 1154ರಲ್ಲೇ ಅರಬ್ ಭೂಗೋಳಜ್ಞ ಅಲ್ ಇದ್ರೀಸಿ, ಸಿಸಿಲಿಯ ತ್ರಾಬಿಯಾ ಊರಲ್ಲಿ ಒಣ ಶಾವಿಗೆ ಮಾಡಿ ಹಡಗಿನಲ್ಲಿ ಕಳಿಸುತ್ತಾರೆಂದು ಬರೆದಿದ್ದಾನೆ. ಕಥೆ ಇಷ್ಟು ಸಾಕು, ಒಲೆ ಹಚ್ಚೋಣ.

“ನೀರಿಗೆ ಎಣ್ಣೆ ಹಾಕಿದರೆ ಅಂಟುವುದಿಲ್ಲ”

ಎಣ್ಣೆ ನೀರಿನ ಮೇಲೆ ತೇಲುತ್ತದೆ, ಪಾಸ್ತಾ ಕೆಳಗೆ ಇರುತ್ತದೆ. ಇಬ್ಬರಿಗೂ ಭೇಟಿಯಾಗುವುದು ಸೋಸುವಾಗ ಮಾತ್ರ. ಆಗ ಮೈಗೆ ಹತ್ತಿದ ಎಣ್ಣೆ ಸಾಸ್ ಹಿಡಿಯದಂತೆ ಜಾರಿಸುತ್ತದೆ. ಅಂಟುವುದು ಮೊದಲ ಎರಡು ನಿಮಿಷದಲ್ಲಿ, ಹೊರಮೈಯ ಪಿಷ್ಟ ಊದಿಕೊಳ್ಳುವಾಗ. ಆ ಎರಡು ನಿಮಿಷ ಮುದ್ದೆ ತಿರುವುವವರ ಶ್ರದ್ಧೆಯಿಂದ ಸೌಟಾಡಿಸಿದರೆ ಸಾಕು.

ಉಪ್ಪಿನ ಬಗ್ಗೆಯೂ ಎರಡು ಮಾತು. ಉಪ್ಪು ಹಾಕಿದರೆ ನೀರು ಬೇಗ ಕುದಿಯುವುದಿಲ್ಲ, ಕುದಿಯುವ ಬಿಂದು ಕೂದಲೆಳೆಯಷ್ಟು ಮೇಲೇರುತ್ತದೆ. ಉಪ್ಪು ರುಚಿಗೆ. “ಸಮುದ್ರದಷ್ಟು ಉಪ್ಪಿರಬೇಕು” ಎಂಬ ಮಾತನ್ನು ನಂಬಬೇಡಿ, ಸಮುದ್ರದ ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಿಮಗೆ ಬೇಕಿರುವುದು ಲೀಟರಿಗೆ 10 ಗ್ರಾಂ.

“ಪೊಟ್ಟಣದ ಮೇಲೆ 10 ನಿಮಿಷ ಅಂತ ಬರೆದಿದೆ, ಅಷ್ಟೇ ಬೇಯಿಸಬೇಕು”

ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಬೇಳೆಯಂತೆ ಪಾಸ್ತಾವೂ ಮಂಗಳೂರಿಗಿಂತ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೇಳುತ್ತದೆ. ಆದರೆ ಬೇಕ್ ಮಾಡುವ ಪಾಸ್ತಾದ ಲೆಕ್ಕವೇ ಬೇರೆ. ಅದನ್ನು ಪೂರ್ತಿ ಬೇಯಿಸಲೇಬಾರದು, ಎರಡು ಮೂರು ನಿಮಿಷ ಮೊದಲೇ ಇಳಿಸಬೇಕು. ಒಂದನ್ನು ಕಚ್ಚಿ ನೋಡಿ: ನಡುವೆ ಬಿಳಿ ಚುಕ್ಕೆ ಇನ್ನೂ ಕಾಣುತ್ತಿದ್ದರೆ ಸರಿ. ಉಳಿದ ಬೇಯುವಿಕೆ ಸಾಸ್‌ನೊಳಗೆ ಆಗುತ್ತದೆ. ಸೋಸಿದ ಕೂಡಲೇ ಸಾಸ್‌ಗೆ ಬೆರೆಸಿ, ಜರಡಿಯಲ್ಲಿ ರಾಶಿ ಬಿಡಬೇಡಿ. ರಾಶಿಯ ಒಳಗಿನ ಬಿಸಿಯೇ ಅದನ್ನು ಇನ್ನಷ್ಟು ಬೇಯಿಸಿಬಿಡುತ್ತದೆ.

“ಹತ್ತು ಪಟ್ಟು ಜನ, ಹತ್ತು ಪಟ್ಟು ಎಲ್ಲವೂ”

ಈ ನಂಬಿಕೆಯೇ ಎಲ್ಲದರ ತಾಯಿ. ಪಾಸ್ತಾವನ್ನು ಜನರ ಲೆಕ್ಕದಲ್ಲಿ ಗುಣಿಸಬಹುದು: ಊಟಕ್ಕೆ ಅದೊಂದೇ ಆದರೆ ತಲೆಗೆ 100 ಗ್ರಾಂ ಒಣ ಪಾಸ್ತಾ, ಎಲೆಯಲ್ಲಿ ಬೇರೆ ಹತ್ತು ಬಗೆ ಇದ್ದರೆ 60 ಗ್ರಾಂ. ಅಂದರೆ ಐವತ್ತು ಜನರ ಸಮಾರಂಭಕ್ಕೆ 3 ಕಿಲೊ ಸಾಕು. ಸಾಸ್‌ನ ಉಪ್ಪನ್ನೂ ಗುಣಿಸಬಹುದು. ನೀರನ್ನು, ಸಮಯವನ್ನು, ಪಾತ್ರೆಯ ಆಳವನ್ನು ಹಾಗೆ ಗುಣಿಸಲಾಗದು.

ಟೊಮೆಟೊ ಸಾಸ್ ನೋಡಿ. ಚಿಕ್ಕ ಬಾಣಲೆಯಲ್ಲಿ ನೀರಿನಂಶ ಬೇಗ ಆವಿಯಾಗುತ್ತದೆ. ಅದೇ ಆಕಾರದ, ಹತ್ತು ಪಟ್ಟು ಹಿಡಿಯುವ ಕೊಪ್ಪರಿಗೆಯ ಬಾಯಿ ಹತ್ತು ಪಟ್ಟು ಅಗಲವಿರುವುದಿಲ್ಲ, ಐದು ಪಟ್ಟಿಗೂ ಕಡಿಮೆ. ಆವಿ ಹೋಗುವ ದಾರಿ ಅಷ್ಟೇ. ಹತ್ತು ಪಟ್ಟು ನೀರು ಸುರಿದರೆ ಸಾಸ್ ಸಾರಾಗಿಯೇ ಉಳಿಯುತ್ತದೆ. ಬೀಗರ ಊಟದ ಸಾಂಬಾರಿಗೆ ನೀರನ್ನು ಕೈಯಳತೆಯಲ್ಲಿ, ನೋಡಿನೋಡಿ ಸೇರಿಸುವ ಅಡುಗೆ ಭಟ್ಟರಿಗೆ ಈ ಗಣಿತ ಗೊತ್ತೇ ಇದೆ, ಸೂತ್ರ ಬರೆಯುವುದಿಲ್ಲ ಅಷ್ಟೇ. ಸಾಸ್ ಕಿಲೊ ಪಾಸ್ತಾಗೆ ಎರಡೂವರೆ ಲೀಟರ್ ಇರಲಿ, ನಾವು ಅಂದುಕೊಂಡಿದ್ದಕ್ಕಿಂತ ತುಸು ತೆಳ್ಳಗೇ ಇರಲಿ. ಪೂರ್ತಿ ಬೇಯದ ಪಾಸ್ತಾ ಅದನ್ನು ಕುಡಿದು ಊದುತ್ತದೆ.

ಕುದಿಸುವಾಗಲೂ ಹಾಗೆಯೇ. 3 ಕಿಲೊವನ್ನು ಒಂದೇ ಹಂಡೆಗೆ ಸುರಿದರೆ ನೀರಿನ ಬಿಸಿ ಇಳಿದು, ಮತ್ತೆ ಕುದಿ ಬರುವಷ್ಟರಲ್ಲಿ ಕೆಳಗಿನದು ಗಂಟು ಕಟ್ಟಿರುತ್ತದೆ. ಕಿಲೊ ಕಿಲೊ ಮಾಡಿ ಮೂರು ಸಲ ಬೇಯಿಸಿ, ಒಂದೊಂದು ಸಲಕ್ಕೆ ಏಳೆಂಟು ಲೀಟರ್ ನೀರು. 100 ಗ್ರಾಂಗೆ ಒಂದು ಲೀಟರ್ ಎಂಬ ಇಟಲಿಯ ನಿಯಮಕ್ಕಿಂತ ಇದು ಕಡಿಮೆ, ಆದರೆ ಸೌಟಾಡಿಸುವವರಿಗೆ ಧಾರಾಳ. ಅದೇ ನೀರಲ್ಲಿ ಎರಡನೆಯ ಕಂತನ್ನೂ ಬೇಯಿಸಬಹುದು. ಪಿಷ್ಟ ಬಿಟ್ಟ ಆ ಗಂಜಿನೀರನ್ನು ಚೆಲ್ಲದೆ ಸಾಸ್‌ಗೆ ಒಂದೆರಡು ಸೌಟು ಸೇರಿಸಿ.

ಇನ್ನು ಆಳ. ದೊಡ್ಡ ತಪ್ಪಲೆಯಲ್ಲಿ ಗೇಣುದ್ದ ತುಂಬಿ ಬೇಕ್ ಮಾಡುವವರು ಮೇಲ್ಭಾಗ ಸುಡುವುದನ್ನು ಕಂಡು ಉರಿ ದೂರುತ್ತಾರೆ. ಗಟ್ಟಿಯಾದ ಆಹಾರದಲ್ಲಿ ಬಿಸಿ ನಡುವಿನವರೆಗೆ ಹೋಗಲು ತೆಗೆದುಕೊಳ್ಳುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಎರಡು ಅಂಗುಲದ ಪಾಸ್ತಾಗೆ 190 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕಾದರೆ, ನಾಲ್ಕು ಅಂಗುಲಕ್ಕೆ ಎರಡು ಗಂಟೆಯ ಹತ್ತಿರ. ಅಷ್ಟರಲ್ಲಿ ಮೇಲಿನ ಚೀಸ್ ಇದ್ದಿಲು. ಕಿಲೊಗೆ ಒಂದು ಅಗಲ ಟ್ರೇ, ಎರಡಂಗುಲದ ಮಟ್ಟ. ಇಷ್ಟು ಪಾಲಿಸಿದರೆ ಬೇರೆ ತಪ್ಪುಗಳನ್ನು ಪಾಸ್ತಾ ಕ್ಷಮಿಸುತ್ತದೆ.

“ಓವನ್ ಇಲ್ಲದೆ ಆಗದು”

ಬೇಕ್ ಮಾಡುವುದು ಬೇಯಿಸಲಿಕ್ಕಲ್ಲ. ಸಾಸ್, ತರಕಾರಿ ಆಗಲೇ ಬೆಂದಿವೆ, ಪಾಸ್ತಾವೂ ಬಹುಪಾಲು ಬೆಂದಿದೆ. ಆಗಬೇಕಿರುವುದು ಎರಡೇ ಕೆಲಸ: ನಡುವಿನವರೆಗೆ ಹಬೆಯಾಡುವಷ್ಟು ಬಿಸಿ, ಮೇಲೆ ಕೆಂಪು ಬಣ್ಣ. ಮನೆಯ ಚಿಕ್ಕ ಓವನ್‌ನಲ್ಲಿ ಒಂದು ಟ್ರೇ ಕಷ್ಟಪಟ್ಟು ಹಿಡಿಯುತ್ತದೆ, ಮೂರನೆಯದು ಬರುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ನಮ್ಮೂರುಗಳಲ್ಲಿ ಬೀದಿಗೊಂದು ಅಯ್ಯಂಗಾರ್ ಬೇಕರಿ ಇದೆ. ಬೆಳಗಿನ ಬ್ರೆಡ್ಡು, ಬನ್ನು ಇಳಿದ ಮೇಲೆ ಭಟ್ಟಿ ಇನ್ನೂ ಬಿಸಿಯಾಗಿರುತ್ತದೆ. ಪರಿಚಯವಿದ್ದರೆ ಕೇಳಿ ನೋಡಿ. ಮೊಟ್ಟೆ ಪಫ್ಸ್ ಬೇಯುವ ಭಟ್ಟಿ ಬೇಡವೆನ್ನುವ ಮನೆಯವರು ಇನ್ನೊಂದು ದಾರಿ ಹಿಡಿಯಬಹುದು: ಅಗಲ, ದಪ್ಪ ತಳದ ಪಾತ್ರೆಯನ್ನು ಕಾದ ಹಂಚಿನ ಮೇಲಿಟ್ಟು, ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ತಳದ ಉರಿ ಬಿಸಿ ಮಾಡುತ್ತದೆ, ಕೆಂಡ ಬಣ್ಣ ಬರಿಸುತ್ತದೆ.

“ಚೀಸ್ ಅಂದರೆ ಕರುವಿನ ಹೊಟ್ಟೆಯದು, ಪನೀರ್ ತುರಿದು ಹಾಕಿದರಾಯಿತು”

ಮೊದಲರ್ಧದಲ್ಲಿ ಸ್ವಲ್ಪ ಹುರುಳಿದೆ. ಇಟಲಿಯ ಪಾರ್ಮಿಜಾನೊದಂಥ ಕೆಲವು ಚೀಸ್‌ಗಳಿಗೆ ಕರುವಿನ ಜಠರದ ರೆನೆಟ್ ಬಳಸುವುದು ಕಡ್ಡಾಯ. ಇಲ್ಲಿ ಹಸಿರು ಚುಕ್ಕೆಯೊಡನೆ ಮಾರುವ ಚೀಸ್‌ಗೆ ಹಾಲು ಒಡೆಯಲು ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕಿಣ್ವ ಬಳಸುತ್ತಾರೆ. ಚುಕ್ಕೆ ನೋಡಿ ತನ್ನಿ, ಮಡಿ ಮನೆಯವರಿಗೂ ಅಡ್ಡಿಯಿಲ್ಲ.

ಎರಡನೆಯರ್ಧ ಪೂರ್ತಿ ತಪ್ಪು. ಪನೀರನ್ನು ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆದಿರುತ್ತಾರೆ. ಹಾಗೆ ಗಟ್ಟಿಯಾದ ಪ್ರೋಟೀನ್ ಬಿಸಿಗೆ ಒಣಗುತ್ತದೆ, ಕರಗುವುದಿಲ್ಲ. ಎಳೆ ಎಳೆಯಾಗುವುದು ಮೊಜರೆಲ್ಲಾ. ಡಬ್ಬಿಯ ಸಂಸ್ಕರಿತ ಚೀಸ್ ಎಳೆ ಬಿಡುವುದಿಲ್ಲ. ಆದರೆ ಅದರಲ್ಲಿರುವ ಸಿಟ್ರೇಟ್‌ನಂಥ ಲವಣಗಳಿಂದಾಗಿ ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ. ಆದ್ದರಿಂದ ಅದು ಸಾಸ್‌ನ ಒಳಗೆ, ಮೊಜರೆಲ್ಲಾ ಮೇಲೆ. ಪನೀರ್ ಬೇಕೇ ಬೇಕೆಂದರೆ ಹೋಳು ಮಾಡಿ ತರಕಾರಿಯ ಜೊತೆ ಸೇರಿಸಿ.

ಟೊಮೆಟೊ ಹುಳಿಗೆ ಬಿಳಿ ಸಾಸ್ ಒಡೆಯುತ್ತದೆಂಬ ಹೆದರಿಕೆಯೂ ಹಲವರಿಗಿದೆ. ಬೆಣ್ಣೆಯಲ್ಲಿ ಹುರಿದ ಹಿಟ್ಟು ಹಾಲನ್ನು ಕಾಯುತ್ತದೆ, ಮಜ್ಜಿಗೆ ಹುಳಿ ಒಡೆಯದಂತೆ ಕಡಲೆಬೇಳೆ, ಅಕ್ಕಿ ರುಬ್ಬಿ ಹಾಕುವ ಉಪಾಯವೇ ಇದು. ತೆಂಗಿನ ಸೀಮೆಯವರು ಹಾಲಿನ ಒಂದು ಪಾಲಿಗೆ ಬದಲಾಗಿ ಕಾಯಿಹಾಲು ಹಾಕಿದರೂ ಹಿಟ್ಟಿನ ಆಸರೆಯಲ್ಲಿ ಅದು ನಿಲ್ಲುತ್ತದೆ. ಇಟಲಿಯವರು ಮೂಗು ಮುರಿದರೆ ಮುರಿಯಲಿ.

“ಮಿಕ್ಕದ್ದನ್ನು ನಾಳೆ ಚೆನ್ನಾಗಿ ಬಿಸಿ ಮಾಡಿದರೆ ಏನೂ ಆಗುವುದಿಲ್ಲ”

ರುಚಿಯ ತಪ್ಪುಗಳನ್ನು ನಕ್ಕು ಮರೆಯಬಹುದು, ಇದನ್ನಲ್ಲ. ಅನ್ನ, ಪಾಸ್ತಾದಂಥ ಪಿಷ್ಟದ ಅಡುಗೆಗಳಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯನ್ನೂ ತಾಳಿ ಉಳಿಯುತ್ತವೆ. 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಆಹಾರ ಹೆಚ್ಚು ಹೊತ್ತು ಬಿದ್ದಿದ್ದರೆ ಅವು ಮೊಳೆತು ಬೆಳೆಯುತ್ತವೆ, ಕೆಲವು ವಿಷ ಬಿಡುತ್ತವೆ. ಬ್ಯಾಕ್ಟೀರಿಯಾ ಬಿಸಿಗೆ ಸಾಯಬಹುದು. ಆದರೆ ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ, ಬಣ್ಣ ಯಾವುದೂ ಸುಳಿವು ಕೊಡುವುದಿಲ್ಲ. 2008ರಲ್ಲಿ ಬ್ರಸೆಲ್ಸ್‌ನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗೇ ಇಟ್ಟಿದ್ದ ಸ್ಪಗೆಟಿಯನ್ನು ಬಿಸಿ ಮಾಡಿ ತಿಂದು ತೀರಿಕೊಂಡ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಇಂಥ ಸಾವು ಬಹಳ ಅಪರೂಪ, ವಾಂತಿ ಭೇದಿ ಅಷ್ಟು ಅಪರೂಪವಲ್ಲ.

ಆಳದ ಲೆಕ್ಕ ಇಲ್ಲಿಯೂ ಕೆಲಸ ಮಾಡುತ್ತದೆ. ತುಂಬಿದ ತಪ್ಪಲೆ ಬಿಸಿಯಾಗಲು ತಡವಾದಂತೆ ಆರಲೂ ತಡ. ಮೇಲೆ ತಣ್ಣಗಿದ್ದರೂ ನಡುವೆ ಗಂಟೆಗಟ್ಟಲೆ ಉಗುರುಬೆಚ್ಚಗೆ. “ಬಿಸಿ ಇರುವಾಗ ಫ್ರಿಡ್ಜಿಗೆ ಇಡಬಾರದು” ಎಂದು ರಾತ್ರಿಯಿಡೀ ಹೊರಗೆ ಬಿಡುವುದು ಹಳೆಯ ಅಭ್ಯಾಸ, ಅದನ್ನು ಕೈಬಿಡಿ. ಹಿಂದಿನ ರಾತ್ರಿಯೇ ಜೋಡಿಸಿಡುವ ಯೋಚನೆಯಿದ್ದರೂ ಇದೇ ನಿಯಮ: ಬೇಗ ಆರಿಸಿ ಫ್ರಿಡ್ಜಿಗೆ ಸೇರಿಸಬೇಕು. ಮೂರು ಟ್ರೇ ಹಿಡಿಯುವ ಫ್ರಿಡ್ಜು ಎಷ್ಟು ಮನೆಗಳಲ್ಲಿದೆ? ಅದಿಲ್ಲದಿದ್ದರೆ ಸಮಾರಂಭದ ಬೆಳಗ್ಗೆಯೇ ಪಾಸ್ತಾ ಬೇಯಿಸಿ, ಬಡಿಸುವ ಹೊತ್ತಿಗೆ ಸರಿಯಾಗಿ ಬೇಕ್ ಮಾಡಿ. ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಎರಡು ಗಂಟೆಯೊಳಗೆ ತಟ್ಟೆಗಳಿಗೆ ತೆಳ್ಳಗೆ ಹರಡಿ, ಆರಿಸಿ, ಫ್ರಿಡ್ಜಿಗೆ ಸೇರಿಸಿ. ಜಾಗವಿಲ್ಲದಿದ್ದರೆ ಬಿಸಿಯಿರುವಾಗಲೇ ನೆರೆಮನೆಗಳಿಗೆ ಹಂಚಿಬಿಡಿ. ಶಾಮಿಯಾನದಡಿ ಸಂಜೆಯವರೆಗೆ ಕೂತಿದ್ದ ಪಾಸ್ತಾವನ್ನು ಮಾತ್ರ ದಯವಿಟ್ಟು ಯಾರಿಗೂ ಕಟ್ಟಿಕೊಡಬೇಡಿ.