ಮಂಡೆಬಿಸಿಗೆ ಮಾತಿನ ಮದ್ದು: ನಮ್ಮ ಭಾಷೆಯಲ್ಲೇ ಕೇಳಿ ಪಡೆಯೋಣ

ಜ್ವರ ಬಂದವನ ಮೈಬಿಸಿ ನೋಡಲು ಭಾಷೆ ಬೇಕಾಗಿಲ್ಲ. ಥರ್ಮಾಮೀಟರಿಗೆ ಕನ್ನಡವೂ ಒಂದೇ, ಮಲೆಯಾಳವೂ ಒಂದೇ. ಆದರೆ ಮಂಡೆಬಿಸಿಯನ್ನು ಅಳೆಯುವ ಯಂತ್ರವಿಲ್ಲ. ರೋಗಿ ಬಾಯಿಬಿಟ್ಟು ಹೇಳಿದ ಮಾತೇ ಅಲ್ಲಿ ವೈದ್ಯರಿಗಿರುವ ದಾರಿ. ಇಂದು ಮನಸ್ಸಿನ ಕಾಯಿಲೆಗಳಿಗಿರುವ ಚಿಕಿತ್ಸೆಗಳಲ್ಲೊಂದು ಪೂರ್ತಿಯಾಗಿ ಮಾತಿನ ಮೇಲೆಯೇ ನಿಂತಿದೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂದು ಅದರ ಹೆಸರು, ಚುಟುಕಾಗಿ ಸಿ.ಬಿ.ಟಿ. ಎನ್ನುತ್ತಾರೆ. ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆ ಎಂದರೆ ಅರ್ಥವಾದೀತು. ಗಡಿನಾಡಿನ ಕನ್ನಡಿಗರಾದ ನಾವು ಇದನ್ನು ಯಾರಲ್ಲಿ ಪಡೆಯಬೇಕು, ಹೇಗೆ ವಿಚಾರಿಸಬೇಕು ಎಂಬುದು ಅನೇಕ ಮನೆಗಳಿಗೆ ಉಪಯೋಗಕ್ಕೆ ಬರುವ ವಿಷಯವಾಗಿದೆ.

ಏನಿದು ಚಿಕಿತ್ಸೆ?

ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಡಾ. ಆರನ್ ಬೆಕ್ (1921-2021) ಇದನ್ನು 1960ರ ದಶಕದಲ್ಲಿ ರೂಪಿಸಿದರು. ಖಿನ್ನತೆಗೊಳಗಾದವರ ಮನಸ್ಸಿನಲ್ಲಿ ತಮ್ಮ ಕುರಿತು, ಲೋಕದ ಕುರಿತು, ಮುಂದಿನ ದಿನಗಳ ಕುರಿತು ಕಹಿ ಯೋಚನೆಗಳು ತಾವಾಗಿಯೇ ಮೂಡುತ್ತಿರುವುದನ್ನು ಅವರು ಕಂಡುಕೊಂಡರು. ಆ ಯೋಚನೆಗಳನ್ನು ಹಿಡಿದು ನಿಲ್ಲಿಸಿ, "ಇದು ನಿಜವೇ?" ಎಂದು ಪರೀಕ್ಷಿಸಲು ರೋಗಿಗೇ ಕಲಿಸುವುದು ಈ ಚಿಕಿತ್ಸೆಯ ತಿರುಳು.

ಕುಂಬಳೆಯಿಂದ ಕಾಸರಗೋಡಿಗೆ ನಿತ್ಯ ಬಸ್ಸಿನಲ್ಲಿ ಹೋಗಿಬರುವ ಒಬ್ಬ ಹೆಣ್ಣುಮಗಳಿಗೆ ಒಂದು ದಿನ ನೂಕುನುಗ್ಗಲಿನ ನಡುವೆ ಎದೆ ಡವಗುಟ್ಟಿ, ಕೈಕಾಲು ನಡುಗಿ, "ಈಗ ಪ್ರಾಣ ಹೋಗುತ್ತದೆ" ಅನ್ನಿಸಿತು ಎಂದಿಟ್ಟುಕೊಳ್ಳೋಣ. ಇ.ಸಿ.ಜಿ. ತೆಗೆದು ನೋಡಿದರೆ ಹೃದಯಕ್ಕೆ ಏನೂ ತೊಂದರೆಯಿಲ್ಲ. ಆದರೂ ಆಕೆ ಮೊದಲು ಬಸ್ಸು ಬಿಟ್ಟಳು, ಆಮೇಲೆ ಪೇಟೆ ಬಿಟ್ಟಳು, ಕೊನೆಗೆ ನೆಂಟರ ಮನೆಯ ಮದುವೆಯನ್ನೂ ಬಿಟ್ಟಳು. ಬಿಟ್ಟಷ್ಟೂ ಭಯ ಬೆಳೆಯುತ್ತ ಹೋಯಿತು.

ಚಿಕಿತ್ಸಕರು ಇಂಥವರಿಂದ ಆ ಹೊತ್ತಿನ ಯೋಚನೆಯನ್ನು ಇದ್ದದ್ದಿದ್ದಂತೆ ಪುಸ್ತಕದಲ್ಲಿ ಬರೆಸುತ್ತಾರೆ. ಅದನ್ನು ನಂಬಲು ಕಾರಣವೇನು, ನಂಬದಿರಲು ಕಾರಣವೇನು ಎಂದು ಇಬ್ಬರೂ ಕೂತು ನೋಡುತ್ತಾರೆ. ಬಳಿಕ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ: ಒಂದು ದಿನ ಬಸ್ ಸ್ಟಾಪಿನಲ್ಲಿ ಸುಮ್ಮನೆ ನಿಲ್ಲುವುದು, ಇನ್ನೊಂದು ದಿನ ಜೊತೆಗೊಬ್ಬರೊಡನೆ ಮೊಗ್ರಾಲಿನ ತನಕ, ಆಮೇಲೆ ಒಬ್ಬಳೇ ಕಾಸರಗೋಡಿನ ತನಕ. ಏರಿದ ಎದೆಬಡಿತ ತಾನಾಗಿಯೇ ಇಳಿಯುತ್ತದೆಂದು ಅನುಭವದಿಂದ ತಿಳಿದ ಮೇಲೆ ಭಯದ ಬಲ ಕುಗ್ಗುತ್ತದೆ.

ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಂತೆ, 6ರಿಂದ 20 ಭೇಟಿಗಳಲ್ಲಿ ಈ ಚಿಕಿತ್ಸೆ ಮುಗಿಯುತ್ತದೆ. ಖಿನ್ನತೆ, ಅತಿಯಾದ ಭಯ, ಪದೇ ಪದೇ ಕೈ ತೊಳೆಯುವಂಥ ಗೀಳು, ನಿದ್ರಾಹೀನತೆ ಮುಂತಾದವುಗಳಲ್ಲಿ ಇದರ ಪ್ರಯೋಜನ ಸಾಬೀತಾಗಿದೆ.

ಭಾಷೆ ಯಾಕೆ ಮುಖ್ಯ?

ಮನಸ್ಸಿನಲ್ಲಿ ತಾನಾಗಿ ಮೂಡುವ ಯೋಚನೆ ಮನೆಮಾತಿನಲ್ಲೇ ಮೂಡುತ್ತದೆ. ನಮ್ಮಲ್ಲಿ ಮಂಡೆಬಿಸಿ ಎಂದರೆ ಚಿಂತೆ. ಬೇಜಾರ ಎಂದರೆ ಒಮ್ಮೆ ದುಃಖ, ಒಮ್ಮೆ ಮುನಿಸು, ಒಮ್ಮೆ ಬರೀ ಹೊತ್ತು ಹೋಗದಿರುವುದು. ಮಂಡೆಬಿಸಿಯನ್ನು ಮಕ್ಕಿಕಾಮಕ್ಕಿ ತರ್ಜುಮೆ ಮಾಡಿ ಹೇಳಿದರೆ ತಲೆನೋವಿನ ಮಾತ್ರೆ ಸಿಕ್ಕಿದರೂ ಆಶ್ಚರ್ಯವಿಲ್ಲ. ಇದು ಮಲೆಯಾಳದ ಮೇಲಿನ ದೂರಲ್ಲ. ಸಂತೆಗೆ, ಕಚೇರಿಗೆ ಸಾಕಾಗುವಷ್ಟು ಮಲೆಯಾಳ ನಮ್ಮಲ್ಲಿ ಅನೇಕರಿಗಿದೆ. ಆದರೆ "ಬದುಕಿ ಪ್ರಯೋಜನವಿಲ್ಲ" ಎಂಬಂಥ ಮಾತನ್ನು ಬಾಯಿಂದ ಹೊರಡಿಸಲು ಸಂತೆಯ ಭಾಷೆ ಸಾಲದು.

ಮನೆಯವರೇ ದುಭಾಷಿಗಳಾದರೆ ಕಷ್ಟ ಇನ್ನೂ ಹೆಚ್ಚು. ಅತ್ತೆಯನ್ನು ನಡುವೆ ಕೂರಿಸಿಕೊಂಡು ಸೊಸೆ ಏನನ್ನು ತಾನೇ ಹೇಳಿಯಾಳು? ಮಗನ ಮುಂದೆ ತಂದೆ ಸಾಲದ ಮಾತನ್ನು ಹೇಗೆ ಎತ್ತಿಯಾನು?

ಕನ್ನಡದಲ್ಲಿ ಈ ವಿಷಯಕ್ಕೆ ಮಾತಿನ ಬರವಿಲ್ಲ. 'ಕೊರವಂಜಿ' ಖ್ಯಾತಿಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಕುರಿತು ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ. ಇಂಥ ಪುಸ್ತಕ ಓದಿಕೊಂಡು ಹೋದರೆ ತನ್ನ ತೊಂದರೆಯನ್ನು ಹೇಳಿಕೊಳ್ಳಲು ಮಾತು ಸಿಗುತ್ತದೆ.

ಎಲ್ಲಿ ವಿಚಾರಿಸಬೇಕು?

ಮೊದಲು ಪರಿಚಯದ ವೈದ್ಯರಲ್ಲಿಗೇ ಹೋಗಬೇಕು. ಥೈರಾಯಿಡಿನ ದೋಷ, ರಕ್ತಹೀನತೆ ಮುಂತಾದವು ಕೂಡ ಖಿನ್ನತೆ, ಗಾಬರಿಗಳ ವೇಷ ಹಾಕಿ ಬರುವುದುಂಟು. ಅವು ಇಲ್ಲವೆಂದು ಖಚಿತವಾದ ಮೇಲೆ ಮುಂದಿನ ಹೆಜ್ಜೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕೇರಳದ ಎಲ್ಲ ಜಿಲ್ಲೆಗಳಲ್ಲೂ ಇದೆ. ಅದರ ತಂಡ ನಿಗದಿತ ದಿನಗಳಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಬರುತ್ತದೆ. ಯಾವ ದಿನ, ಎಲ್ಲಿ, ಕನ್ನಡ ಬಲ್ಲವರು ಇದ್ದಾರೆಯೇ ಎಂಬುದನ್ನು ಸಮೀಪದ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಮಂಗಳೂರಿನ ಕಡೆ ಹೋಗಬಲ್ಲವರಿಗೆ ಕಂಕನಾಡಿ, ದೇರಳಕಟ್ಟೆಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ.

ಆದರೆ ಮಂಗಳೂರೊಂದನ್ನೇ ನಂಬಿ ಕೂತರೆ ಏನಾಗುತ್ತದೆಂಬುದನ್ನು 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಾವು ಕಂಡಿದ್ದೇವೆ. ಅದೇ ತಿಂಗಳು ಕೇಂದ್ರ ಸರಕಾರ ದೂರವೈದ್ಯಕೀಯದ ಮಾರ್ಗಸೂಚಿ ಹೊರಡಿಸಿತು. ಸಿ.ಬಿ.ಟಿ.ಯು ಫೋನಿನ ವೀಡಿಯೋ ಮೂಲಕವೂ ಫಲ ಕೊಡುತ್ತದೆಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಬೆಂಗಳೂರು, ಮೈಸೂರುಗಳ ಕನ್ನಡ ಚಿಕಿತ್ಸಕರೂ ನಮಗೆ ದೂರವಲ್ಲ. ಸಿಗ್ನಲ್ ಸಿಗುವ, ಬೇರೆಯವರ ಕಿವಿಗೆ ಬೀಳದ ಒಂದು ಜಾಗ ಮನೆಯಲ್ಲೋ ತೋಟದ ಬದಿಯಲ್ಲೋ ಇದ್ದರಾಯಿತು.

ಎಲ್ಲಿಂದ ಆರಂಭಿಸುವುದೆಂದೇ ತಿಳಿಯದವರು ಸರಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಹಗಲುರಾತ್ರಿ ಲಭ್ಯ. ಸೇವೆಯ 20 ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡದಲ್ಲೇ ಮಾತಾಡಬೇಕೆಂದು ಕೇಳಿಕೊಳ್ಳಬೇಕು.

ಕೇಳಬೇಕಾದ ಪ್ರಶ್ನೆಗಳು

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯದಲ್ಲಿ ಉನ್ನತ ವ್ಯಾಸಂಗ ಮಾಡಿದವರು. ಮದ್ದು ಬರೆದುಕೊಡುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಚಿಕಿತ್ಸೆಯಲ್ಲಿ ತರಬೇತಾದವರು. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ಯ ಪಟ್ಟಿಯಲ್ಲಿರಬೇಕು. ಕೌನ್ಸೆಲರ್ ಎಂಬ ಬೋರ್ಡಿನ ಹಿಂದಿರುವ ತರಬೇತಿಯಾದರೋ ಒಬ್ಬರಿಂದೊಬ್ಬರಿಗೆ ಬೇರೆ. ಆದ್ದರಿಂದ ಸಂಕೋಚವಿಲ್ಲದೆ ಇಷ್ಟನ್ನು ಕೇಳಿ:

ತಾವು ಸಿ.ಬಿ.ಟಿ.ಯಲ್ಲಿ ತರಬೇತಿ ಪಡೆದದ್ದೆಲ್ಲಿ? ಆರ್.ಸಿ.ಐ. ನೋಂದಣಿ ಸಂಖ್ಯೆ ಇದೆಯೇ?

ಇಂಥ ತೊಂದರೆಯವರನ್ನು ಹಿಂದೆ ನೋಡಿದ್ದೀರಾ? ಎಷ್ಟು ಭೇಟಿ ಬೇಕಾದೀತು, ಒಂದು ಭೇಟಿಗೆ ಶುಲ್ಕವೆಷ್ಟು?

ಭೇಟಿಗಳ ನಡುವೆ ಮನೆಯಲ್ಲಿ ಮಾಡುವ ಅಭ್ಯಾಸ ಕೊಡುತ್ತೀರಾ? (ಬರವಣಿಗೆಯಾಗಲಿ ಅಭ್ಯಾಸವಾಗಲಿ ಇಲ್ಲದೆ ಬರೀ ಉಪದೇಶ ಕೊಟ್ಟು ಕಳಿಸಿದರೆ ಅದು ಸಿ.ಬಿ.ಟಿ. ಅಲ್ಲ.)

ಕನ್ನಡದಲ್ಲಿ ಮಾತಾಡಿ, ಕನ್ನಡದಲ್ಲೇ ಬರೆದು ತರಬಹುದೇ? ಮನೆಮಾತು ತುಳುವಾದರೆ ತುಳು ಅರ್ಥವಾಗುತ್ತದೆಯೇ?

ಮನೋವೈದ್ಯರು ಕೊಟ್ಟ ಮದ್ದನ್ನು ಸಿ.ಬಿ.ಟಿ. ಆರಂಭಿಸಿದೆವೆಂದು ತಾವಾಗಿ ನಿಲ್ಲಿಸಬಾರದು. ಎರಡೂ ಜೊತೆಗೆ ಸಾಗುವುದುಂಟು. ಜೀವ ಕಳೆದುಕೊಳ್ಳುವ ಮಾತಾಡುವವರನ್ನು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರನ್ನು ತಡಮಾಡದೆ, ಒಬ್ಬರನ್ನೇ ಬಿಡದೆ, ಆಸ್ಪತ್ರೆಗೆ ಕರೆದೊಯ್ಯಬೇಕು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದರೂ ಹರಕೆ ಹೊತ್ತಿದ್ದರೂ ಚಿಕಿತ್ಸೆಗೆ ಅದು ಅಡ್ಡಿಯಾಗಬೇಕಾಗಿಲ್ಲ, ತಡವಾಗಬಾರದು ಅಷ್ಟೆ.

ಕಾನೂನು ನಮ್ಮ ಕಡೆಗಿದೆ

2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಮಿನಂತೆ, ರೋಗದ ಸ್ವರೂಪ ಮತ್ತು ಚಿಕಿತ್ಸೆಯ ವಿವರಗಳನ್ನು ತನಗೆ ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕು ರೋಗಿಗಿದೆ. ವಿಷಯವನ್ನು ಗುಟ್ಟಾಗಿಡಬೇಕೆಂದೂ ಅದೇ ಕಾಯ್ದೆ ವಿಧಿಸಿದೆ. ಮಗಳ ಸಂಬಂಧ ತಪ್ಪೀತೆಂದು ಹೆದರಿ ಚಿಕಿತ್ಸೆ ಮುಂದೂಡುವ ತಂದೆತಾಯಂದಿರು ಇದನ್ನು ತಿಳಿದಿರಬೇಕು.

ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಚಿಕಿತ್ಸಕರು ಬೇಕೆಂದು ಸಂಘಸಂಸ್ಥೆಗಳು ಮನವಿ ಕೊಡುವುದು ಒಳ್ಳೆಯದೇ. ಆದರೆ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸುವಾಗಲೇ "ಕನ್ನಡದಲ್ಲಿ ಮಾತಾಡುವವರು ಬೇಕು" ಎಂದು ಕೇಳುವವರು ಇಲ್ಲದಿದ್ದರೆ, ಅಂಥ ಅಗತ್ಯವೇ ಇಲ್ಲವೆಂದು ಅಧಿಕಾರಿಗಳು ತಿಳಿದುಕೊಂಡರೆ ತಪ್ಪು ಅವರದೊಂದೇ ಆಗದು. ಸೋಲುತ್ತಿರುವ ಮನಸ್ಸಿಗೆ ಇಷ್ಟು ಕೇಳುವ ತ್ರಾಣವೂ ಇರುವುದಿಲ್ಲ. ಜೊತೆಗೆ ಹೋದ ಮನೆಯವರು ಆ ಮಾತನ್ನು ಕೇಳಬೇಕು. ಚಿಕಿತ್ಸಕರು ಒಳಗೆ ಕರೆದಾಗ ಹೊರಗಿನ ಬೆಂಚಿನಲ್ಲಿ ಕೂತು ಕಾಯಬೇಕು.